ಫಾರಿನ್ ಎಂದರೆ ಯಾವ ತಾಲೂಕು?

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಪ್ರವಾಸದ್ದೇ ಮಾತು. ಊಟಿಗೆ ಹೋಗಿ ಬಂದವರನ್ನು ಚಳಿ ಹೇಗಿತ್ತು ಎಂದು ಕೇಳುತ್ತಾರೆ. ತಿರುಪತಿಗೆ ಹೋದವರನ್ನು ದರ್ಶನಕ್ಕೆ ಎಷ್ಟು ಹೊತ್ತಾಯಿತು ಎನ್ನುತ್ತಲೇ ಲಾಡುವಿಗೆ ಕೈ ಚಾಚುತ್ತಾರೆ. ನನ್ನ ಸರದಿ ಬಂದಾಗ ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು, ‘ಈ ಸಲ ಯಾರು ಏನೆಂದರು?’ ಎನ್ನುತ್ತಾರೆ. ನಾನು ಹೇಳುತ್ತೇನೆ, ಅವರು ನಗುತ್ತಾರೆ, ನಾನೂ ನಗುತ್ತೇನೆ. ಕೊನೆಗೆ ಯಾರಾದರೊಬ್ಬರು ದನಿ ತಗ್ಗಿಸಿ ಕೇಳಿಯೇ ಕೇಳುತ್ತಾರೆ: ‘ಅಲ್ಲ ಮೇಡಂ, ಇಷ್ಟೆಲ್ಲ ಅನ್ನಿಸಿಕೊಂಡು ಪ್ರತಿ ವರ್ಷ ಮಕ್ಕಳನ್ನು ಕಟ್ಟಿಕೊಂಡು ಯಾಕೆ ಹೋಗುತ್ತೀರಿ? ಬೇಸರವಾಗುವುದಿಲ್ಲವೇ?’

ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಹಾಗಾಗಿ ಈ ಪ್ರಶ್ನೆಗೆ ನಾನು ಇದುವರೆಗೆ ಪೂರ್ತಿ ಉತ್ತರ ಕೊಟ್ಟಿಲ್ಲ.

ನಾವು ಸಿದ್ದಿಗಳು. ನನ್ನ ತವರು, ಗಂಡನ ಮನೆ ಎರಡೂ ಯಲ್ಲಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳು. ಪೋರ್ಚುಗೀಸರು ಪೂರ್ವ ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವಾದಲ್ಲಿ ಮಾರಿದ ಗುಲಾಮರಲ್ಲಿ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಘಟ್ಟ ಹತ್ತಿ ಬಂದು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡು ಸೇರಿಕೊಂಡರು. ನಮ್ಮಲ್ಲಿ ದೇವಸ್ಥಾನಕ್ಕೆ ಹೋಗುವವರಿದ್ದಾರೆ, ಮಸೀದಿಗೆ ಹೋಗುವವರಿದ್ದಾರೆ, ಇಗರ್ಜಿಗೆ ಹೋಗುವವರಿದ್ದಾರೆ. ಮನೆಯೊಳಗೆ ನಮ್ಮದೇ ಒಂದು ಬಗೆಯ ಕೊಂಕಣಿ, ಹೊಸಿಲು ದಾಟಿದರೆ ಕನ್ನಡ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದೆವು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡಾಗ ಪತ್ರಿಕೆಗಳಲ್ಲಿ ಅವರ ಫೋಟೊ ಬಂತು. ‘ಓ, ನೀವು ಆ ಎಂಎಲ್‌ಸಿ ಸಾಹೇಬರ ಕಡೆಯವರೇ?’ ಎಂದು ಕೇಳುವವರು ಅಲ್ಲಿಂದ ಮುಂದೆ ಅಲ್ಲೊಬ್ಬರು ಇಲ್ಲೊಬ್ಬರು ಸಿಗತೊಡಗಿದರು. ಹೌದು ಎನ್ನುತ್ತೇನೆ, ಬೇಗ ಮುಗಿಯುತ್ತದೆ.

ಇನ್ನು ಕೆಲವರಿಗೆ ನಾವೆಂದರೆ ಓಟ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದವರು ನಮ್ಮ ಹಳ್ಳಿಗಳ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಅದು ನಿಂತೂ ಹೋಯಿತು, ಆದರೆ ಮಾತು ಮಾತ್ರ ಉಳಿದುಕೊಂಡಿತು. ನನ್ನ ಮಗ ತಪ್ಪಿಹೋಗುತ್ತಿರುವ ಬಸ್ಸಿಗೂ ಓಡುವವನಲ್ಲ.

ನಾನು ಹುಬ್ಬಳ್ಳಿಯ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ವಿಷಯ ಕನ್ನಡ. ಒಂಬತ್ತನೆಯ ತರಗತಿಗೆ ಸಂಧಿ, ಸಮಾಸ ಬಿಡಿಸಿ ಗಂಟಲು ಒಣಗಿಸಿಕೊಂಡು, ರಜೆ ಬಂತೆಂದು ಊರು ಬಿಟ್ಟರೆ ಮೊದಲು ಸಿಗುವ ಹೊಗಳಿಕೆ, ‘ಕನ್ನಡ ಎಷ್ಟು ಚೆನ್ನಾಗಿ ಮಾತನಾಡುತ್ತೀರಿ! ಎಲ್ಲಿ ಕಲಿತಿರಿ?’

ನಮ್ಮ ಪ್ರವಾಸದ ಚೀಲಕ್ಕೆ ಮೊದಲು ಬೀಳುವುದು ಆಧಾರ್ ಕಾರ್ಡುಗಳು. ಅತ್ತೆಯವರದು, ನಮ್ಮಿಬ್ಬರದು, ಮಕ್ಕಳಿಬ್ಬರದು, ಐದೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ. ಎರಡನೆಯದು ಅತ್ತೆಯವರು ಹೊಲಿದ ಹೊದಿಕೆ, ಕವಂದಿ. ಮೂರನೆಯದು ಚೀಲಕ್ಕೆ ಹಾಕುವಂಥದ್ದಲ್ಲ, ಅದು ನಮ್ಮ ಮನೆಯವರ ಫೋನಿನ ಮಾತು. ಹೊಸ ಊರಿನ ಬಸ್ ನಿಲ್ದಾಣದಲ್ಲಿ ಇಳಿಯುತ್ತಿದ್ದಂತೆ ಅವರು ಮೊಬೈಲ್ ಕಿವಿಗೆ ಹಚ್ಚಿ, ಆಚೆ ದಂಡೆಗೂ ಕೇಳಿಸುವ ದನಿಯಲ್ಲಿ, ‘ಹಾಂ, ಈಗ ಬಂದು ಮುಟ್ಟಿದೆವು ನೋಡು, ಊಟ ಆಗಬೇಕು’ ಎಂದು ಶುರು ಮಾಡುತ್ತಾರೆ. ಆಟೊದವರು ತಿರುಗಿ ನೋಡುತ್ತಾರೆ, ಮುಖ ಸಡಿಲವಾಗುತ್ತದೆ, ದರವೂ ಒಂದಿಷ್ಟು ಸಡಿಲವಾಗುತ್ತದೆ. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಒಂದು ಸಲ ಅವರ ಪಕ್ಕದಲ್ಲಿ ನಿಂತಿದ್ದಾಗ ಫೋನಿನ ಪರದೆ ಕಣ್ಣಿಗೆ ಬಿತ್ತು. ಆ ಕಡೆ ಯಾರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಹಳೆಯ ಸ್ಮಾರಕ ನೋಡಲು ಹೋಗಿದ್ದೆವು. ಯಾವ ಊರಿನದೆಂದು ಹೇಳುವುದಿಲ್ಲ. ಟಿಕೆಟ್ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಹದಿನೈದರೊಳಗಿನ ಮಕ್ಕಳಿಗೆ ಯಾವ ದೇಶದವರಾದರೂ ಪುಕ್ಕಟೆ. ಹಾಗಾಗಿ ಮೂವರು ದೊಡ್ಡವರಿಗೆ 120 ಎಂದು ಚಿಲ್ಲರೆ ಎಣಿಸಿ ಹಿಡಿದುಕೊಂಡಿದ್ದೆ. ಕೌಂಟರಿನ ಹುಡುಗ ತಲೆ ಎತ್ತಿ ನೋಡಿ, ಇಂಗ್ಲಿಷಿನಲ್ಲಿ 1800 ಎಂದ. ನಾನು ಕನ್ನಡದಲ್ಲಿ ಹೇಳಿದೆ. ಅವನು ಮತ್ತೆ ಇಂಗ್ಲಿಷಿನಲ್ಲಿ, ಫಾರಿನ್ ಟಿಕೆಟ್ ಬೇರೆ ಸಾಲು ಎಂದ. ನಾನು ಪ್ಲಾಸ್ಟಿಕ್ ಕವರಿಗಾಗಿ ಚೀಲ ತಡಕಾಡುತ್ತಿರುವಾಗ ಅತ್ತೆಯವರು ನನ್ನನ್ನು ಪಕ್ಕಕ್ಕೆ ಸರಿಸಿ ಕಿಂಡಿಗೆ ಮುಖವಿಟ್ಟರು.

‘ತಮ್ಮಾ, ಫಾರಿನ್ ಎಂದರೆ ಯಾವ ತಾಲೂಕು? ನಮ್ಮದು ಯಲ್ಲಾಪುರ.’

ಅವರು ಚೇಷ್ಟೆಗೆ ಕೇಳಿದರೋ, ನಿಜವಾಗಿಯೇ ಕೇಳಿದರೋ ಈಗಲೂ ನನಗೆ ತಿಳಿದಿಲ್ಲ. ಹಿಂದಿನ ಸಾಲಿನವರೆಲ್ಲ ನಕ್ಕರು. ಹುಡುಗ ಕೆಂಪಾಗಿ ಮೂರು ಟಿಕೆಟ್ ಹರಿದುಕೊಟ್ಟ. ನೇಪಾಳದವರಿಗೆ, ಶ್ರೀಲಂಕಾದವರಿಗೆ ಕೂಡ ನಮ್ಮದೇ 40 ರೂಪಾಯಿ ದರ ಎಂಬುದನ್ನು ಫಲಕದಲ್ಲಿ ಓದಿದ್ದು ಆಮೇಲೆ.

ಲಾಡ್ಜಿನ ಕಥೆ ಬೇರೆ. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಫಾರಂ ತುಂಬಿ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮವಿದೆ. ಅದಕ್ಕಾಗಿ ಪಾಸ್‌ಪೋರ್ಟ್ ಕೇಳುತ್ತಾರೆ. ನೌಕರಿ ಉಳಿಸಿಕೊಳ್ಳಬೇಕಾದ ಹುಡುಗರನ್ನು ಬೈಯುವಂತಿಲ್ಲ. ಆದರೆ ಇಡೀ ದಿನ ಬಸ್ಸಿನಲ್ಲಿ ಕುಳಿತು ಸೊಂಟ ಹಿಡಿದುಕೊಂಡ ಅತ್ತೆಯವರು ಬೆಂಚಿನ ಮೇಲೆ, ಮಗ ನನ್ನ ಹೆಗಲ ಮೇಲೆ ನಿದ್ದೆಯಲ್ಲಿ. ಅಂಥ ಹೊತ್ತಿನಲ್ಲಿ ಮ್ಯಾನೇಜರು ಆಧಾರ್ ಕಾರ್ಡನ್ನು ದೀಪಕ್ಕೆ ಹಿಡಿದು, ಐನೂರರ ನೋಟು ಪರೀಕ್ಷಿಸುವಂತೆ ತಿರುವಿ ತಿರುವಿ ನೋಡುವಾಗ ನಾನೇ ಖೋಟಾ ಎನಿಸಿಬಿಡುತ್ತದೆ. ಒಮ್ಮೆ ಬಾಗಲಕೋಟೆ ಕಡೆ ಹೀಗೆಯೇ ಅರ್ಧ ಗಂಟೆ ನಿಲ್ಲಿಸಿ ಕೋಣೆ ಕೊಟ್ಟರು. ಲಾಡ್ಜಿನ ಚಾದರಗಳನ್ನು ನಂಬದ ಅತ್ತೆಯವರು ಕವಂದಿ ಬಿಚ್ಚಿ ಹಾಸಿದರು.

ಕವಂದಿ ಎಂದರೆ ಹಳೆಯ ಬಟ್ಟೆಗಳ ತುಂಡು ಜೋಡಿಸಿ ನಮ್ಮ ಹೆಂಗಸರು ಹೊಲಿಯುವ ಹಾಸು, ಹೊದಿಕೆ. ಅಂಚಿನಿಂದ ಹಿಡಿದು ಸುತ್ತು ಸುತ್ತುತ್ತ ಒಳಗೆ ಬರಬೇಕು, ಹೊಲಿಗೆ ಮುಗಿಯುವುದು ನಡುಮಧ್ಯದಲ್ಲಿ. ನಾಲ್ಕು ಮೂಲೆಗಳಿಗೆ ಫೂಲ, ಅಂದರೆ ಮಡಚಿದ ಬಟ್ಟೆಯ ಹೂ, ಇಡದಿದ್ದರೆ ಅದು ಕವಂದಿಯೇ ಅಲ್ಲ, ಬತ್ತಲೆ ಎನ್ನುತ್ತಾರೆ ಅತ್ತೆಯವರು. ಇದರಲ್ಲಿ ಮಾವನವರ ಖಾಕಿ ಚಡ್ಡಿ ಇದೆ, ನನ್ನ ಮದುವೆಗೆ ಉಟ್ಟ ಸೀರೆಯ ಸೆರಗಿದೆ, ಮಗಳು ಒಂದನೆಯ ತರಗತಿಯಲ್ಲಿ ಹಾಕಿದ ಹಳದಿ ಲಂಗವಿದೆ. ನೀರಿನ ಬಾಟಲಿ ತಂದ ರೂಮ್ ಬಾಯ್ ಬಾಗಿಲಲ್ಲೇ ನಿಂತುಬಿಟ್ಟ. ‘ಅರೆ, ಕೌದಿ! ನಮ್ಮ ಅಮ್ಮನೂ ಹೊಲಿಯುತ್ತಾಳೆ’ ಎಂದು ಒಂದು ತುದಿ ಹಿಡಿದು, ಎಳೆ ಎಷ್ಟು ಹತ್ತಿರ ಹತ್ತಿರ ಹಾಕಿದ್ದೀರಿ ಎಂದ. ಅತ್ತೆಯವರು ಅವನನ್ನು ಕೂರಿಸಿಕೊಂಡು ಮೂಲೆಯ ಹೊಲಿಗೆ ತೋರಿಸಿದರು. ನನಗೆ ನಿದ್ದೆ ಬರುತ್ತಿತ್ತು, ಅವರು ನಿಲ್ಲಿಸಲಿಲ್ಲ.

ಗೋವಾದಲ್ಲಿ ನಮಗೆ ಅಷ್ಟು ಕಷ್ಟವಿಲ್ಲ. ದೋಣಿಯ ಹುಡುಗ ಇಂಗ್ಲಿಷಿನಲ್ಲಿ ಮೂರು ಪಟ್ಟು ದರ ಹೇಳುತ್ತಾನೆ, ಅತ್ತೆಯವರು ಕೊಂಕಣಿಯಲ್ಲಿ ಬೈಯುತ್ತಾರೆ, ಅವನು ‘ಮಾವಶಿ, ಮಾವಶಿ’ ಎನ್ನುತ್ತ ಇಳಿಸುತ್ತಾನೆ.

ಮಗಳಿಗೆ ಈಗ ಹದಿಮೂರು. ಅವಳ ಕಷ್ಟ ಕೂದಲು. ಒಂದು ದೇವಸ್ಥಾನದ ಸಾಲಿನಲ್ಲಿ ಹಿಂದೆ ನಿಂತಿದ್ದ ಹೆಂಗಸರು ಕೇಳದೆ ಕೇಳಿಸದೆ ಅವಳ ತಲೆಗೆ ಕೈ ಹಾಕಿ, ಸ್ಪ್ರಿಂಗಿನಂತೆ ಎಳೆದು ಬಿಟ್ಟು ನೋಡುತ್ತಿದ್ದರು. ದೇವರ ಮುಂದೆ ನಿಂತಾಗಲೂ ಅವಳ ಎರಡು ಕೈ ತಲೆಯ ಮೇಲೇ ಇದ್ದವು. ಫೋಟೊ ಕೇಳುವವರಿಗೆ ಈಚೆಗೆ ಅವಳೇ ಒಂದು ದಾರಿ ಕಂಡುಕೊಂಡಿದ್ದಾಳೆ. ‘ಆಯಿತು, ಮೊದಲು ನಿಮ್ಮದೊಂದು ಫೋಟೊ ನಾನು ತೆಗೆಯುತ್ತೇನೆ’ ಎಂದು ನನ್ನ ಮೊಬೈಲ್ ಎತ್ತುತ್ತಾಳೆ. ಅರ್ಧ ಜನ ನಗುತ್ತ ನಿಲ್ಲುತ್ತಾರೆ. ಉಳಿದರ್ಧ ಜನ, ನಮ್ಮದು ಯಾಕೆ ಎನ್ನುತ್ತ ಹೊರಟುಹೋಗುತ್ತಾರೆ. ನನ್ನ ಮೊಬೈಲಿನಲ್ಲಿ ಈಗ ಗುರುತಿಲ್ಲದವರ ನಲವತ್ತೋ ಐವತ್ತೋ ಮುಖಗಳಿವೆ. ಇದು ಸರಿಯೋ ತಪ್ಪೋ ನನಗಿನ್ನೂ ತೀರ್ಮಾನವಾಗಿಲ್ಲ, ಅಳಿಸಲು ಮನಸ್ಸೂ ಬಂದಿಲ್ಲ.

ಸ್ಟಾಫ್ ರೂಮಿನಲ್ಲಿ ನಾನು ಹೇಳುವುದು ಇಲ್ಲಿಯವರೆಗಿನದು. ಹೇಳದೆ ಬಿಡುವುದು ಮುಂದಿನದು.

2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನ್‌ನವನೊಬ್ಬನ ಕಾರು ಬಡಿದು ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ನನ್ನ ತಮ್ಮ ಆಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ. ನಾಲ್ಕು ವರ್ಷದ ಮಗಳಿಗೆ ಲಾಲ್‌ಬಾಗ್ ತೋರಿಸೋಣವೆಂದು ಬಸ್ಸಿಗೆ ಸೀಟು ಕಾದಿರಿಸಿದ್ದೆವು, ರದ್ದು ಮಾಡಿದೆವು. ತಮ್ಮ ಆ ವಾರವೆಲ್ಲ ಸಿಟಿ ಬಸ್ಸು ಹತ್ತಿದೊಡನೆ ‘ಕಂಡಕ್ಟರ್, ಒಂದು ಮೆಜೆಸ್ಟಿಕ್’ ಎಂದು ಅಗತ್ಯಕ್ಕಿಂತ ಗಟ್ಟಿಯಾಗಿ ಕೂಗುತ್ತಿದ್ದನಂತೆ. ನಮ್ಮ ಮನೆಯವರು ಫೋನಿನ ಉಪಾಯ ಕಲಿತದ್ದು ಅವನಿಂದಲೇ ಇರಬೇಕು.

ಅಂದಿನಿಂದ ಆ ಪ್ಲಾಸ್ಟಿಕ್ ಕವರ್ ತೆಗೆಯುವಾಗಲೆಲ್ಲ ಒಂದು ಮುಳ್ಳು ಚುಚ್ಚುತ್ತದೆ. ‘ನಾವು ಆಫ್ರಿಕಾದವರಲ್ಲ, ಇಲ್ಲಿಯವರೇ’ ಎಂದು ಹೇಳಿ ಪಾರಾಗುತ್ತೇನೆ. ಹಾಗಾದರೆ ಆಫ್ರಿಕಾದವರಾಗಿದ್ದರೆ ಕೂದಲು ಎಳೆಯಬಹುದಿತ್ತೇ? ಆ ಟಾಂಜಾನಿಯಾದ ಹುಡುಗಿಯ ಬಳಿ ತೋರಿಸಲು ಆಧಾರ್ ಇರಲಿಲ್ಲ. ಅವಳ ಮುಖ, ನನ್ನ ಮಗಳ ಮುಖ ಪಕ್ಕಪಕ್ಕ ಇಟ್ಟರೆ ಅಕ್ಕತಂಗಿಯರೆನ್ನಬೇಕು. ಬೇಸರವಾಗುವುದಿಲ್ಲವೇ ಎಂದು ಕೇಳಿದಿರಲ್ಲ, ಆಗುವುದು ಇಲ್ಲಿ. ಜನರ ಪ್ರಶ್ನೆಗಿಂತ ನನ್ನ ಉತ್ತರಕ್ಕೇ ಹೆಚ್ಚು ಬೇಸರವಾಗುತ್ತದೆ.

ಮತ್ತೂ ಯಾಕೆ ಹೋಗುತ್ತೇವೆ? ನೋಡಲು ಹೋಗುತ್ತೇವೆ, ಬೇರೆಯವರು ಹೋಗುವ ಹಾಗೆಯೇ. ಜಾತ್ರೆ ನೋಡಲು ಹೋದವರೇ ತೇರಾಗಿಬಿಟ್ಟರೆ ಜಾತ್ರೆ ನೋಡಿದಂತಾಗುವುದಿಲ್ಲ, ನಿಜ. ಹಾಗೆಂದು ಮನೆಯಲ್ಲಿ ಕುಳಿತರೆ ಜಾತ್ರೆಯೂ ಇಲ್ಲ. ನನ್ನ ಆಯಿ ಹುಬ್ಬಳ್ಳಿಯಿಂದಾಚೆಗೆ ಏನನ್ನೂ ನೋಡದೆ ತೀರಿಕೊಂಡಳು. ಸಮುದ್ರ ನೋಡಿದ್ದು ಒಂದೇ ಸಲ, ಅದೂ ಅಂಕೋಲೆಯಲ್ಲಿ ಯಾರದೋ ಮದುವೆಗೆ ಹೋದಾಗ.

ಕಳೆದ ಡಿಸೆಂಬರಿನಲ್ಲಿ ವಿಜಯಪುರಕ್ಕೆ ಹೋದೆವು. ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಪ್ರಬಲ ಮಂತ್ರಿಯಿದ್ದ, ಆಫ್ರಿಕಾ ಮೂಲದವನು. ದಖ್ಖನ್ನಿನಲ್ಲಿ ಅಂಥವರನ್ನು ಹಬಶಿ ಎನ್ನುತ್ತಿದ್ದರು. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತಿರುವ, ಆ ಕಾಲದಲ್ಲೇ ಬರೆದ ಚಿತ್ರವಿದೆ. ಅದನ್ನು ಮೊಬೈಲಿನಲ್ಲಿ ಮಗಳಿಗೆ ತೋರಿಸಿದೆ. ಹಿಗ್ಗಿಸಿ ನೋಡಿ, ‘ಇವರು ನಮ್ಮವರೇ?’ ಎಂದಳು. ಅವರು ಸೈನ್ಯ ನಡೆಸಿದವರು, ನಾವು ಕಾಡಿಗೆ ಓಡಿಬಂದವರ ಮಕ್ಕಳು. ನೆಂಟಸ್ತಿಕೆ ಹೇಳಲು ನನ್ನ ಬಳಿ ಕಾಗದವಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಇನ್ನೊಮ್ಮೆ ಹಿಗ್ಗಿಸಿ, ಮೂಗು ಮಾತ್ರ ಮಾವನ ಹಾಗಿದೆ ಎಂದಳು. ನನ್ನ ತಮ್ಮನ ಮೂಗು ನೆನೆಸಿಕೊಂಡರೆ ಅಲ್ಲವೆನ್ನಲಾಗಲಿಲ್ಲ.

ಮಕ್ಕಳು, ಅವರಪ್ಪ ಮೂಲೆಯ ಮಿನಾರಿನೊಳಗಿನ ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಹೋದರು. ಮಂಡಿ ನೋವಿನ ಅತ್ತೆಯವರಿಗೆ ಜೊತೆಯಾಗಿ ನಾನು ಕೆಳಗೆ ಹುಲ್ಲಿನ ಮೇಲೆ ಕುಳಿತೆ. ಶೇಂಗಾ ಉಂಡೆಯ ಡಬ್ಬಿ ಬಿಚ್ಚುತ್ತಿದ್ದಾಗ ಮುಂದೆ ಒಂದು ಸಂಸಾರ ಹಾದುಹೋಯಿತು. ಗಂಡ, ಹೆಂಡತಿ, ಕಾಲೇಜಿನ ವಯಸ್ಸಿನ ಮಗಳು, ಚಿಕ್ಕ ಕಣ್ಣು, ಬಿಳಿ ಮುಖ. ಅತ್ತೆಯವರು ಉಂಡೆ ಕೈಯಲ್ಲೇ ಹಿಡಿದು ಅವರನ್ನೇ ದಿಟ್ಟಿಸಿದರು. ಆಮೇಲೆ ಗುಮ್ಮಟದೊಳಗೆ ಕೂಗಿದಂಥ ದನಿಯಲ್ಲಿ ನನ್ನನ್ನು ಕೇಳಿದರು:

‘ಇವರು ಯಾವ ದೇಶದವರೇ?’

ನಾನು ಅವರ ತೊಡೆ ಚಿವುಟುವಷ್ಟರಲ್ಲಿ ಹುಡುಗಿ ತಿರುಗಿದಳು. ‘ಮಣಿಪುರದವರು ಅಜ್ಜಿ. ಹುಟ್ಟಿದ್ದು, ಓದಿದ್ದೆಲ್ಲ ಬೆಂಗಳೂರು.’

‘ಅಯ್ಯೋ ಮಗಳೇ, ಕನ್ನಡ ಎಷ್ಟು ಚೆನ್ನಾಗಿ ಮಾತನಾಡುತ್ತೀಯಲ್ಲ!’

ನಾನು ಹಣೆ ಚಚ್ಚಿಕೊಂಡೆ. ಹುಡುಗಿ ಅತ್ತೆಯವರನ್ನು ನೋಡಿದಳು, ನನ್ನನ್ನು ನೋಡಿದಳು, ಬಂದು ಎದುರಿಗೆ ಕುಳಿತೇಬಿಟ್ಟಳು. ‘ಮತ್ತೆ ನೀವು, ಅಜ್ಜಿ?’

‘ಯಲ್ಲಾಪುರ ತಾಲೂಕು’ ಎಂದು ಅವಳ ಕೈಗೊಂದು ಉಂಡೆಯಿಟ್ಟರು ಅತ್ತೆಯವರು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ‘ಊರೂರು ತಿರುಗುತ್ತೀರಲ್ಲ, ನಿಮಗೆ ಟಿಕೆಟ್ ಎಷ್ಟು ಹಚ್ಚುತ್ತಾರೆ?’ ಎಂದರು.

ಹುಡುಗಿ ಉತ್ತರ ಹೇಳುವ ಮೊದಲೇ ನಕ್ಕುಬಿಟ್ಟಳು.