ಅಲ್ಲಿ ಸಾಲ, ಇಲ್ಲಿ ಠೇವಣಿ: ಮಧ್ಯದ 2% ಯಾರದು?

"ಅಮೆರಿಕದಲ್ಲಿ 5%ಗೆ ಸಾಲ ಸಿಗುತ್ತೆ, ಊರಲ್ಲಿ ಎನ್‌ಆರ್‌ಇ ಠೇವಣಿಗೆ 7% ಕೊಡ್ತಾರೆ. ಮಧ್ಯದ 2% ಪುಕ್ಕಟೆ ತಾನೇ?" ಅಂತಾರಾಷ್ಟ್ರೀಯ ಹಣಕಾಸು ಓದಿಕೊಂಡವರು ಸಿಕ್ಕರೆ ಹೊರದೇಶದ ಕನ್ನಡಿಗರು ಕೇಳುವ ಪ್ರಶ್ನೆ ಇದು. (ಎನ್‌ಆರ್‌ಇ ಎಂದರೆ ಅನಿವಾಸಿಗಳು ಹೊರಗಿನ ಹಣವನ್ನು ಇಲ್ಲಿ ರೂಪಾಯಿಯಾಗಿ ಇಡುವ ಖಾತೆ.)

ಲೆಕ್ಕ ಹಾಕಿಯೇ ನೋಡೋಣ. 1 ಲಕ್ಷ ಡಾಲರ್ ಸಾಲ ತಂದಿರಿ. ಡಾಲರಿಗೆ 85 ಎಂದುಕೊಂಡರೆ 85 ಲಕ್ಷ ರೂಪಾಯಿ. ವರ್ಷಕ್ಕೆ ಅದು 90.95 ಲಕ್ಷವಾಗುತ್ತದೆ. ತೀರಿಸಬೇಕಾದದ್ದು 1.05 ಲಕ್ಷ ಡಾಲರ್. ಭಾಗಿಸಿದರೆ 86.62. ಡಾಲರ್ ಅದನ್ನು ದಾಟಿದರೆ ಕೈಯಿಂದ ಹಾಕಬೇಕು. 85ರಲ್ಲೇ ನಿಂತರೆ ಉಳಿಯುವುದು 2,000 ಡಾಲರ್, 89 ಆದರೆ ಹೋಗುವುದು ಸುಮಾರು 2,800. (ಎನ್‌ಆರ್‌ಇ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಅಮೆರಿಕದಲ್ಲಿ ಇದೆ. ಇದನ್ನು ಮರೆಯುವವರೇ ಹೆಚ್ಚು.)

ವರ್ಷದ ಬಳಿಕ ಕೊಳ್ಳುವ ಡಾಲರಿಗೆ ಇವತ್ತೇ ಫಾರ್ವರ್ಡ್ ಕರಾರು ಮಾಡಿ ದರ ಗಟ್ಟಿ ಮಾಡಿಕೊಂಡರೆ? ಬ್ಯಾಂಕು ಹೇಳುವ ದರವೂ 86.62ರ ಆಸುಪಾಸಿನದೇ, ಮೇಲೆ ಅದರ ಮಾರ್ಜಿನ್. ಅದಕ್ಕಿಂತ ಅಗ್ಗಕ್ಕೆ ಸಿಗುವಂತಿದ್ದರೆ ಬ್ಯಾಂಕುಗಳೇ ಕೋಟಿಗಟ್ಟಲೆ ಹಾಕಿ ಆ ಅಂತರ ಮುಚ್ಚುತ್ತಿದ್ದವು.

ಕರಾರಿಲ್ಲದೆ ಬಿಟ್ಟರೆ ಏನು ಎಂಬಲ್ಲಿಂದ ಸಂಶೋಧನೆ ಸ್ವಾರಸ್ಯಕರವಾಗುತ್ತದೆ. ಹೆಚ್ಚು ಬಡ್ಡಿಯ ನಾಣ್ಯ ಬಡ್ಡಿಗಳ ಅಂತರದಷ್ಟೇ ಬೀಳಬೇಕು ಎನ್ನುತ್ತದೆ ಸಿದ್ಧಾಂತ. ಆ ಅಂತರಕ್ಕೂ ದರದ ಬದಲಾವಣೆಗೂ ಇರುವ ನಂಟನ್ನು ಅಳೆಯುವ ರಿಗ್ರೆಶನ್ ಸಮೀಕರಣದಲ್ಲಿ ಗುಣಾಂಕ 1 ಬರಬೇಕು. 1984ರಲ್ಲಿ ಅರ್ಥಶಾಸ್ತ್ರಜ್ಞ ಯೂಜೀನ್ ಫಾಮಾ ಪ್ರಮುಖ ನಾಣ್ಯಗಳಿಗೆ ಲೆಕ್ಕ ಹಾಕಿದಾಗ ಬಂದದ್ದು ಋಣ ಸಂಖ್ಯೆ. ಅಂದರೆ ಹೆಚ್ಚು ಬಡ್ಡಿಯ ನಾಣ್ಯ ಬೀಳುವ ಬದಲು ಏರುವುದೇ ಹೆಚ್ಚು, ಸರಾಸರಿಯಲ್ಲಿ ಈ ವ್ಯವಹಾರ ಲಾಭದ್ದೇ! ಆದರೆ ಬ್ರೂನರ್‌ಮಯರ್, ನಾಗೆಲ್, ಪೆಡರ್ಸನ್ 2008ರಲ್ಲಿ ತೋರಿಸಿದಂತೆ ಆ ಲಾಭ ತಿಂಗಳುಗಟ್ಟಲೆ ಚೂರುಚೂರೇ ಬರುತ್ತದೆ, ನಷ್ಟ ಒಂದೇ ಏಟಿಗೆ. 2013ರ ಮೇ ಆರಂಭದಲ್ಲಿ 54ರ ಹತ್ತಿರವಿದ್ದ ಡಾಲರ್ ಆಗಸ್ಟ್ 28ಕ್ಕೆ 68 ದಾಟಿತ್ತು. ವರ್ಷಕ್ಕೆ 2%ರಂತೆ ಹತ್ತು ವರ್ಷ ಕೂಡಿಟ್ಟದ್ದು ನಾಲ್ಕೇ ತಿಂಗಳಲ್ಲಿ ಕರಗಿದಂತೆ.

ರೂಪಾಯಿ ಮೇಲೆ ಇದನ್ನು ಪರೀಕ್ಷಿಸುವ ವಿದ್ಯಾರ್ಥಿಗಳು ಎಡವುವುದೂ ಇಲ್ಲೇ. 2014ರಿಂದ 2017ರವರೆಗಿನ ದರ ಮಾತ್ರ ತೆಗೆದುಕೊಂಡರೆ ಅಪಾಯವೇ ಇಲ್ಲವೆನಿಸುತ್ತದೆ. ರಿಸರ್ವ್ ಬ್ಯಾಂಕ್ ಡಾಲರ್ ಕೊಂಡು ಮಾರಿ ಏರಿಳಿತ ತಗ್ಗಿಸುವುದರಿಂದ ಪ್ರಮಾಣ ವಿಚಲನೆಯೂ (ಏರಿಳಿತದ ಅಳತೆ) ಸಣ್ಣದಾಗಿ ಕಾಣುತ್ತದೆ. ಇನ್ನೊಂದು ತಪ್ಪು, ಮೂರು ತಿಂಗಳ ಫಾರ್ವರ್ಡ್ ದರವನ್ನು ದಿನಕ್ಕೊಂದು ದಾಖಲೆಯಂತೆ ಸಮೀಕರಣಕ್ಕೆ ಹಾಕುವುದು. ಅಕ್ಕಪಕ್ಕದ ದಾಖಲೆಗಳಲ್ಲಿ ಬಹುಪಾಲು ದಿನಗಳು ಅವೇ ಆಗಿರುವುದರಿಂದ ಪ್ರಮಾಣ ದೋಷ (ಅಂದಾಜು ಎಷ್ಟು ತಪ್ಪಬಹುದು ಎಂಬ ಅಳತೆ) ಸುಳ್ಳೇ ಕಿರಿದಾಗಿ, ಇಲ್ಲದ ಖಚಿತತೆ ಬರುತ್ತದೆ. ಹ್ಯಾನ್ಸನ್–ಹಾಡ್ರಿಕ್ ತಿದ್ದುಪಡಿ (ಹೀಗೆ ಒಂದರ ಮೇಲೊಂದು ಬರುವ ದಿನಗಳನ್ನು ಲೆಕ್ಕಕ್ಕೆ ಹಿಡಿದು ದೋಷ ಅಳೆಯುವ ವಿಧಾನ) ಬಳಸಿ, ಇಲ್ಲವೇ ತ್ರೈಮಾಸಿಕಕ್ಕೊಂದೇ ದಾಖಲೆ ಇಟ್ಟುಕೊಳ್ಳಿ.

ನಿಜಕ್ಕೂ ಪುಕ್ಕಟೆಯಾಗುವುದು ಕರಾರಿನ ವೆಚ್ಚವನ್ನು ಬೇರೊಬ್ಬರು ಹೊತ್ತಾಗ. 2013ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಎಫ್‌ಸಿಎನ್‌ಆರ್ (ಅನಿವಾಸಿಗಳು ವಿದೇಶಿ ನಾಣ್ಯದಲ್ಲೇ ಇಡುವ) ಠೇವಣಿಗಳ ಡಾಲರನ್ನು, ಮುಂದೆ ನಿಗದಿತ ದರಕ್ಕೆ ಹಿಂದಿರುಗಿಸುವ ಕರಾರಿನ ಮೇಲೆ, ಬ್ಯಾಂಕುಗಳಿಂದ ವರ್ಷಕ್ಕೆ 3.5%ರ ಸ್ವಾಪ್‌ನಲ್ಲಿ ತೆಗೆದುಕೊಂಡಿತು. ಮಾರುಕಟ್ಟೆಯಲ್ಲಿ ಆಗ ಅದಕ್ಕೆ ಎಷ್ಟೋ ಹೆಚ್ಚು ತೆರಬೇಕಿತ್ತು. ಅನಿವಾಸಿಗಳಿಗೆ ಬ್ಯಾಂಕುಗಳೇ ಸಾಲ ಕೊಟ್ಟು ಠೇವಣಿ ಇಡಿಸಿದವು. ಬ್ಯಾಂಕುಗಳ ವಿದೇಶಿ ಸಾಲದ ಸ್ವಾಪ್‌ಗಳೂ ಸೇರಿ ಬಂದದ್ದು ಸುಮಾರು 3,400 ಕೋಟಿ ಡಾಲರ್. ಆ ಅಂತರ ಹೊತ್ತದ್ದು ರಿಸರ್ವ್ ಬ್ಯಾಂಕ್.