ನಡಾವಳಿ ಓದಿ ಹೇಳಿ ಮೇಡಂ

ನಮ್ಮದು ಸಾಗರ ತಾಲ್ಲೂಕಿನ ಒಂದು ಸಣ್ಣ ಊರು. ಅಡಿಕೆ ತೋಟ, ಹಳ್ಳ, ಗುಡ್ಡ, ಅಲ್ಲೊಂದು ಇಲ್ಲೊಂದು ಮನೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು, ಪುಣೆ, ಹೈದರಾಬಾದ್ ಅಂತ ಹೋಗಿದ್ದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದಿಳಿದರು. ಹದಿನೈದು ದಿನ ಇದ್ದು ಹೋಗೋಣ ಅಂತ ಬಂದವರು ಎರಡು ವರ್ಷ ದಾಟಿದರೂ ಇಲ್ಲೇ ಇದ್ದರು. ಮಹಡಿಗೆ ಇಂಟರ್‌ನೆಟ್ ವೈರು ಬಂತು, ಇನ್ವರ್ಟರ್ ಬಂತು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಲ್ಯಾಪ್‌ಟಾಪ್ ಹೊತ್ತುಕೊಂಡು ಸಾಗರಕ್ಕೆ ಬೈಕ್‌ನಲ್ಲಿ ಓಡುವುದು ಮಾಮೂಲಾಯಿತು.

ಊರವರಿಗೆ ಖುಷಿಯೇನೋ ಆಗಿತ್ತು. ಮುದುಕರಷ್ಟೇ ಉಳಿದಿದ್ದ ಮನೆಗಳಲ್ಲಿ ರಾತ್ರಿ ಹತ್ತಕ್ಕೂ ದೀಪ ಉರಿಯುತ್ತಿತ್ತು. ಆದರೆ ಈ ಹುಡುಗ ಹುಡುಗಿಯರನ್ನು ನಾವು ಊರಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ವೈಫೈ ಕೆಟ್ಟರೆ ಕರೆಯುತ್ತಿದ್ದೆವು. ಪಹಣಿ ತೆಗೆದುಕೊಡು ಅಂತ ಕರೆಯುತ್ತಿದ್ದೆವು. ಕಾರ್ತಿಕ ದೀಪೋತ್ಸವಕ್ಕೆ ಚಂದಾ ಕೇಳುವಾಗ ತಪ್ಪದೇ ಕರೆಯುತ್ತಿದ್ದೆವು, ಸಂಬಳ ಚೆನ್ನಾಗಿದೆಯಲ್ಲ! ಬಾಕಿ ಎಲ್ಲದಕ್ಕೂ ಒಂದೇ ಮಾತು: ‘ಇವತ್ತಲ್ಲ ನಾಳೆ ಹೋಗೋರು, ಅವರಿಗ್ಯಾಕೆ?’

ಹಾಗಂತ ಇವರು ಊರಿನ ಬಗ್ಗೆ ತಲೆ ಕೆಡಿಸಿಕೊಳ್ಳದವರೂ ಅಲ್ಲ. ಆ ಹೊತ್ತಿಗೆ ನಮ್ಮ ಜಿಲ್ಲೆಯ ಶರಾವತಿ ಹಿನ್ನೀರಿನ ಹಳ್ಳಿಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ದೊಡ್ಡ ಗದ್ದಲವೇ ಎದ್ದಿತ್ತು. ಅದರ ಹಿಂದೆ ಇದ್ದವರು ಹೆಚ್ಚಾಗಿ ಮನೆಯಿಂದ ಕೆಲಸ ಮಾಡುವವರು, ಆನ್‌ಲೈನ್ ಕ್ಲಾಸಿನ ಮಕ್ಕಳು. ಸಿಗ್ನಲ್ ಬೇಕಾದವರು ತಾವೇ ಬೀದಿಗೆ ಬಂದರು. ಯಾರೂ ಅವರಿಗೆ ಜಾಗೃತಿ ಮೂಡಿಸಿರಲಿಲ್ಲ.

ನಾನು ಹಿಂದೊಮ್ಮೆ ಪಂಚಾಯ್ತಿ ಸದಸ್ಯನಾಗಿದ್ದವನು. ಗ್ರಾಮಸಭೆ ಅಂದರೆ ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತು. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು ಅಂತ ಕಾನೂನಿದೆ. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೇ ಕೋರಂ. ನೂರು ಜನ ಎಲ್ಲಿಂದ ಬರಬೇಕು? ಹತ್ತೂವರೆಗೆ ಅಂತ ಕರೆದದ್ದು ಹನ್ನೊಂದೂವರೆಗೆ ಶುರು. ಅಷ್ಟರಲ್ಲಿ ಸಹಿ ಪುಸ್ತಕ ಚಾ ಅಂಗಡಿಗೆ ಹೋಗಿ ಬಂದಿರುತ್ತದೆ. ಸ್ವಸಹಾಯ ಸಂಘದ ಹೆಂಗಸರಿಗೆ ಫೋನ್ ಹೋಗಿರುತ್ತದೆ. ಆಮೇಲೆ ಕೃಷಿ ಇಲಾಖೆ, ತೋಟಗಾರಿಕೆ, ಆರೋಗ್ಯ, ಅರಣ್ಯ, ಮೆಸ್ಕಾಂ ಅಂತ ಒಬ್ಬೊಬ್ಬ ಅಧಿಕಾರಿ ಎದ್ದು ತಮ್ಮ ಯೋಜನೆ ಓದುತ್ತಾರೆ. ಅದು ಮುಗಿಯುವಾಗ ಊಟದ ಹೊತ್ತು. ಊರಿನ ವಿಷಯ ಬರುವಷ್ಟರಲ್ಲಿ ಅರ್ಧ ಕುರ್ಚಿ ಖಾಲಿ.

2022ರ ಆಗಸ್ಟ್‌ನಲ್ಲಿ ಗ್ರಾಮಸಭೆ ಗೊತ್ತಾದಾಗ ವಾಟ್ಸಾಪ್ ಗುಂಪಿನಲ್ಲಿ ಎಂದಿನ ಹಾಗೆ ‘ಯುವಕರು ಹೆಚ್ಚಿನ ಸಂಖ್ಯೆಯಲ್ಲಿ ಭಾಗವಹಿಸಬೇಕಾಗಿ ವಿನಂತಿ’ ಅಂತ ಬಂತು. ನಾಲ್ಕು ಕೈಮುಗಿಯುವ ಚಿತ್ರ ಬಿದ್ದವು, ಅಷ್ಟೇ. ನಾನು ಆ ದಾರಿ ಬಿಟ್ಟು ಕೆಳಗಿನಮನೆ ಹುಡುಗಿಯನ್ನು ಹಿಡಿದೆ. ಅವಳದು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ. ‘ನಮ್ಮ ಕೇರಿಗೆ ನೀರಿನ ಪೈಪು ಹಾಕಿದ್ದಕ್ಕೆ ಎಷ್ಟು ಖರ್ಚಾಯ್ತು ಅಂತ ನೋಡಿ ಹೇಳ್ತೀಯಾ?’ ಅಂದೆ. ‘ಎಲ್ಲಿ ನೋಡೋದು ಮಾವ?’ ಅಂದಳು. ಇ-ಗ್ರಾಮ ಸ್ವರಾಜ್ ಅಂತ ಒಂದು ಜಾಲತಾಣ ಇದೆ, ಪಂಚಾಯ್ತಿ ಕೊಟ್ಟ ದುಡ್ಡಿನ ಲೆಕ್ಕ ಅದರಲ್ಲಿ ಏರಿಸುತ್ತಾರೆ, ಅಷ್ಟು ನನಗೆ ಗೊತ್ತು ಅಂದೆ.

ಸಂಜೆಗೆ ಫೋನ್ ಬಂತು. ದನಿ ಏರಿತ್ತು. ‘ಮಾವ, ನಮ್ಮ ಕೇರಿ ಹೆಸರಲ್ಲಿ ಎರಡು ಸಲ ಬಿಲ್ ಆಗಿದೆ!’

ಆ ಒಂದು ಮಾತು ಸಾಕಾಯಿತು. ಸಭೆಯ ದಿನ ಜಿಟಿಜಿಟಿ ಮಳೆಯಲ್ಲಿ ಅವಳ ಜೊತೆ ಏಳೆಂಟು ಜನ ಬಂದರು. ಒಬ್ಬ ಅರ್ಧ ದಿನ ರಜೆ ಹಾಕಿದ್ದ. ಆಚೆಮನೆ ಹುಡುಗನಿಗೆ ರಜೆ ಸಿಕ್ಕಿರಲಿಲ್ಲ. ಅವನು ಕೊನೆಯ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ಒಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಮೀಟಿಂಗ್ ಕೇಳುತ್ತಿದ್ದ, ಇನ್ನೊಂದು ಕಿವಿಯಲ್ಲಿ ತೋಟಗಾರಿಕೆ ಇಲಾಖೆಯ ಸಬ್ಸಿಡಿ ಕೇಳುತ್ತಿದ್ದ. ಕೆಲಸದ ದಿನ ಬೆಳಿಗ್ಗೆ ಸಭೆ ಇಟ್ಟು ದುಡಿಯುವ ಮಕ್ಕಳು ಬರಲಿಲ್ಲ ಅಂತ ಬೈಯುವುದು ಯಾವ ನ್ಯಾಯವೋ ನನಗಂತೂ ತಿಳಿಯುವುದಿಲ್ಲ. ಅಧಿಕಾರಿಗಳಿಗೂ ಭಾನುವಾರ ಬೇಕು, ನಿಜ. ವರ್ಷಕ್ಕೆ ಒಂದು ಸಭೆಯನ್ನಾದರೂ ಶನಿವಾರ ಸಂಜೆ ಇಡಬಹುದಲ್ವಾ?

ಇಲಾಖೆಗಳು ಮುಗಿದವು. ಎಲೆಚುಕ್ಕೆ ರೋಗದ ಬಗ್ಗೆ ಮಾತ್ರ ಒಂದಷ್ಟು ಜೋರು ಮಾತಾಯಿತು. ಆ ವರ್ಷ ಅದು ನಮ್ಮ ಸೀಮೆಯ ತೋಟಗಳನ್ನು ಕಂಗೆಡಿಸಿತ್ತು. ಆಮೇಲೆ ಹುಡುಗಿ ಎದ್ದು ನಿಂತಳು. ಕೈಯಲ್ಲಿ ಪ್ರಿಂಟ್ ತೆಗೆದ ಎರಡು ಹಾಳೆ. ಬಿಲ್ಲಿನ ತಾರೀಕು, ಮೊತ್ತ, ಕೆಲಸದ ಹೆಸರು ಓದಿದಳು. ‘ಇದು ಒಂದೇ ಕೆಲಸ, ಎರಡು ಸಲ ದುಡ್ಡು ಹೋಗಿದೆ. ಯಾಕೆ?’

ಸಭೆ ಗಪ್‌ಚುಪ್. ಆ ಕಡೆಯ ಸದಸ್ಯರೊಬ್ಬರು ಕೆಂಪಾದರು. ‘ನೀವೆಲ್ಲ ನಾಳೆ ಬ್ಯಾಗ್ ಏರಿಸಿಕೊಂಡು ಬೆಂಗಳೂರಿಗೆ ಹೋಗೋರು. ನಿಮಗ್ಯಾಕೆ ಇಲ್ಲಿಯ ಪೈಪಿನ ಉಸಾಬರಿ?’

‘ನನ್ನ ವೋಟು ಇಲ್ಲೇ ಇದೆ ಮಾವ’ ಅಂದಳು.

ಅದು ಸರಿಯಾದ ಉತ್ತರ. ಗ್ರಾಮಸಭೆಯ ಸದಸ್ಯರು ಅಂದರೆ ಆ ಪಂಚಾಯ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು. ವರ್ಷಪೂರ್ತಿ ಇಲ್ಲೇ ಇರಬೇಕು ಅಂತ ಎಲ್ಲೂ ಇಲ್ಲ. ಪಿಡಿಒ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಮೇಡಂ ಕೂಡ ಅದನ್ನೇ ಹೇಳಿದರು. ಆದರೆ ಲ್ಯಾಪ್‌ಟಾಪ್ ಹುಡುಗ ಸಿಕ್ಕಿಬಿದ್ದ. ಅವನು ಬೆಂಗಳೂರಿನ ಬಾಡಿಗೆ ಮನೆ ವಿಳಾಸಕ್ಕೆ ವೋಟು ಬದಲಿಸಿಕೊಂಡಿದ್ದ. ಬೆಂಗಳೂರಿನಲ್ಲೋ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದು, ಚುನಾವಣೆ ನಡೆದೇ ಇರಲಿಲ್ಲ. ಪಾಪ, ಅವನಿಗೆ ಅಲ್ಲಿ ಕೇಳೋಣ ಅಂದರೆ ಸದಸ್ಯರಿಲ್ಲ, ಇಲ್ಲಿ ಕೇಳೋಣ ಅಂದರೆ ವೋಟಿಲ್ಲ. ಸುಮ್ನೆ ಕೂತುಕೊಂಡ.

ಇನ್ನು ಬಿಲ್ಲಿನ ಕತೆ. ಮೇಡಂ ಸಿಟ್ಟು ಮಾಡಿಕೊಳ್ಳಲಿಲ್ಲ. ಕಡತ ತರಿಸಿದರು. ನೋಡಿದರೆ ನಮ್ಮ ಕೇರಿ ಹೆಸರಿನದೇ ಇನ್ನೊಂದು ಕೇರಿ ಗುಡ್ಡದ ಆಚೆ ಇದೆ, ಎರಡನೇ ಬಿಲ್ಲು ಅಲ್ಲಿಯದು. ಜಾಲತಾಣಕ್ಕೆ ಏರಿಸುವಾಗ ಮೇಲಿನದು, ಕೆಳಗಿನದು ಅಂತ ಬರೆದಿರಲಿಲ್ಲ. ಸದಸ್ಯರು ಮೀಸೆ ಸವರಿಕೊಂಡರು. ಹುಡುಗಿಯ ಮುಖ ಸಣ್ಣದಾಯಿತು. ಇಲ್ಲಿಗೆ ಇವರ ಉತ್ಸಾಹ ಮುಗಿಯಿತು ಅಂದುಕೊಂಡೆ. ಆದರೆ ಅವಳು ಹಾಳೆ ಮಡಚಿ ಬ್ಯಾಗಿಗೆ ಹಾಕಿ ಇನ್ನೊಂದು ಕೇಳಿದಳು. ‘ಸರಿ ಮೇಡಂ. ನೀರಿಗೆ ಇಷ್ಟು ದುಡ್ಡಿದೆ. ಮತ್ತೆ ಶಾಲೆ ಹಾದಿಯ ಹಳ್ಳಕ್ಕೆ ಕಾಲುಸಂಕ ಹಾಕೋಕೆ ದುಡ್ಡಿಲ್ಲ ಅಂತ ಪ್ರತಿ ವರ್ಷ ಯಾಕೆ ಹೇಳ್ತೀರಿ?’

ಆ ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಗೊತ್ತಿಲ್ಲದವರು ನಮ್ಮೂರಲ್ಲಿ ಯಾರೂ ಇಲ್ಲ. ಮಳೆಗಾಲಕ್ಕೆ ಮೊದಲು ನಾವೇ ಅಡಿಕೆ ಮರ ಸೀಳಿದ ದಬ್ಬೆ ಜೋಡಿಸಿ ಕಟ್ಟುತ್ತೇವೆ. ಕೈಹಿಡಿಗೆ ಒಂದು ಬಿದಿರು. ಜುಲೈ ಹೊತ್ತಿಗೆ ದಬ್ಬೆ ಪಾಚಿಗಟ್ಟಿ ಜಾರುತ್ತದೆ. ಹಳ್ಳ ಏರಿದ ದಿನ ಮಕ್ಕಳಿಗೆ ಶಾಲೆಯೇ ಇಲ್ಲ. ಅವಳೂ ಅದೇ ದಬ್ಬೆಯ ಮೇಲೆ ಚಪ್ಪಲಿ ಕೈಲಿ ಹಿಡಿದು ದಾಟಿ ಓದಿದವಳು.

ಮೇಡಂ ಬೋರ್ಡಿನ ಮೇಲೆ ಬರೆದು ತೋರಿಸಿದರು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ ಅರವತ್ತು ನಿರ್ಬಂಧಿತ, ಅದನ್ನು ಕುಡಿಯುವ ನೀರು, ನೈರ್ಮಲ್ಯ ಬಿಟ್ಟು ಬೇರೆಯದಕ್ಕೆ ಮುಟ್ಟುವ ಹಾಗಿಲ್ಲ. ಬಾಕಿ ನಲವತ್ತರಲ್ಲಿ ಎಲ್ಲ ವಾರ್ಡಿನವರೂ ಪಾಲು ಕೇಳುತ್ತಾರೆ. ‘ನಿಮ್ಮ ವಾರ್ಡ್‌ಸಭೆಯಲ್ಲಿ ಸಂಕದ ಬೇಡಿಕೆ ಬರೆಸಿದ್ದೀರಾ?’ ಅಂತ ಕೇಳಿದರು. ಬರೆಸಿರಲಿಲ್ಲ. ವಾರ್ಡ್‌ಸಭೆ ಅಂತ ಒಂದು ನಡೆಯುತ್ತದೆ, ಬೇಡಿಕೆ ಮೊದಲು ಅಲ್ಲಿಂದ ಬರಬೇಕು ಅನ್ನುವುದೇ ಮಕ್ಕಳಿಗೆ ಗೊತ್ತಿರಲಿಲ್ಲ. ದೊಡ್ಡವರಿಗೆ ಗೊತ್ತಿತ್ತು, ಹೋಗುತ್ತಿರಲಿಲ್ಲ. ಕೊನೆಗೆ ಈ ಸಭೆಯ ಬೇಡಿಕೆ ಅಂತಲೇ ಬರೆದುಕೊಳ್ಳುತ್ತೇವೆ, ನರೇಗಾದಲ್ಲಿ ಸೇರಿಸಬಹುದಾ ಎಂಜಿನಿಯರ್ ಹತ್ತಿರ ಕೇಳುತ್ತೇವೆ ಅಂತಾಯಿತು.

ವಂದನಾರ್ಪಣೆಗೆ ಒಬ್ಬರು ಎದ್ದರು. ಉಪ್ಪಿಟ್ಟಿನ ಪಾತ್ರೆಯ ಸದ್ದೂ ಕೇಳಿಸಿತು. ಆಗ ಹುಡುಗಿ ಕೂತಲ್ಲಿಂದಲೇ ಅಂದಳು: ‘ಒಂದ್ನಿಮಿಷ. ನಡಾವಳಿ ಓದಿ ಹೇಳಿ ಮೇಡಂ.’

ನನ್ನ ಅವಧಿಯಲ್ಲಿ ಯಾರೂ ಹಾಗೆ ಕೇಳಿದ್ದು ನೆನಪಿಲ್ಲ. ಸಭೆಯಲ್ಲಿ ಆದದ್ದನ್ನೆಲ್ಲ ಬರೆದಿಡುವ ನಡಾವಳಿ ಪುಸ್ತಕ ಕಾರ್ಯದರ್ಶಿಯ ಮುಂದಿತ್ತು. ಅವರು ಕನ್ನಡಕ ಏರಿಸಿ ಓದಿದರು. ಇಲಾಖೆಯವರು ಹೇಳಿದ್ದೆಲ್ಲ ಚೆನ್ನಾಗಿ ಬಂದಿತ್ತು, ಹೆಸರು ಹುದ್ದೆ ಸಮೇತ. ಕೊನೆಗೆ ಒಂದು ಸಾಲು: ‘ಇತರೆ ವಿಷಯಗಳನ್ನು ಚರ್ಚಿಸಲಾಯಿತು.’ ಸಂಕ ಆ ‘ಇತರೆ’ಯೊಳಗೆ ಮುಳುಗಿತ್ತು. ಹುಡುಗಿ ಮುಂದೆ ಹೋಗಿ ನಿಂತು, ‘ಶಾಲೆ ಹಾದಿಯ ಹಳ್ಳಕ್ಕೆ ಕಾಲುಸಂಕ ಆಗಬೇಕೆಂದು ಸಭೆ ಒಪ್ಪಿದೆ ಅಂತ ಬರೆಯಿರಿ. ಯಾರು, ಯಾವಾಗ ನೋಡ್ತಾರೆ ಅನ್ನೋದೂ ಬೇಕು’ ಅಂದಳು. ಕಾರ್ಯದರ್ಶಿ ಮೇಡಂ ಮುಖ ನೋಡಿದರು. ಮೇಡಂ ತಲೆ ಆಡಿಸಿದರು. ನೀಲಿ ಪೆನ್ನಿನಲ್ಲಿ ಎರಡು ಸಾಲು ಸೇರಿತು. ಅವಳು ಫೋನಿನಲ್ಲಿ ಅದರ ಫೋಟೋ ಹೊಡೆದುಕೊಂಡ ಮೇಲೆಯೇ ಉಪ್ಪಿಟ್ಟು ತಿಂದದ್ದು.

ಅದೇ ದಿನ ರಾತ್ರಿ ನಮ್ಮನೆ ಜಗಲಿಯಲ್ಲಿ ತಾಳಮದ್ದಲೆ ಇತ್ತು. ಶ್ರಾವಣದಲ್ಲಿ ನಮ್ಮ ಕಡೆ ಇದು ರೂಢಿ. ಯಕ್ಷಗಾನದ ಹಾಗೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ಇರುತ್ತದೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಪದ್ಯ ಹಳೆಯದು, ಮಾತು ಮಾತ್ರ ಆಗಿಂದಾಗ ಹುಟ್ಟಬೇಕು. ಅವತ್ತು ವಾಲಿ ಸುಗ್ರೀವರ ಪ್ರಸಂಗ. ಕಾಯಂ ಸುಗ್ರೀವನಿಗೆ ಎರಡು ದಿನದಿಂದ ಜ್ವರ.

ತಾಳಮದ್ದಲೆಗೂ ನಾವು ಹುಡುಗರನ್ನು ಕರೆಯುತ್ತಿದ್ದೆವು. ಯಾಕೆ? ಮೈಕ್ ಕಟ್ಟೋಕೆ, ಯೂಟ್ಯೂಬಿಗೆ ಲೈವ್ ಹಾಕೋಕೆ. ಜೊತೆಗೆ ‘ಸಂಸ್ಕೃತಿ ಉಳಿಸೋದು ನಿಮ್ಮ ಕೈಲಿದೆ’ ಅಂತ ಒಂದು ಭಾಷಣ. ಕೇಳಿದರೆ ನನಗೇ ಎದ್ದು ಹೋಗೋಣ ಅನ್ನಿಸುತ್ತದೆ. ಇಲ್ಲೇ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಸ್ಥೆ ಶುರುವಾದಾಗ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಇನ್ನೂ ಮೀಸೆ ಚಿಗುರುವ ವಯಸ್ಸು. ಆ ವಯಸ್ಸಿನವರ ಕೈಗೆ ನಾವು ಕೊಡುವುದು ಮೈಕಿನ ವೈರು.

ಆಚೆಮನೆ ಹುಡುಗ ಮೈಕ್ ಕಟ್ಟಿ ಮುಗಿಸಿದ್ದ. ಭಾಗವತರು ಅವನನ್ನೇ ಕರೆದು ‘ನೀನೇ ಸುಗ್ರೀವ ಆಗು ಮಾರಾಯ’ ಅಂದರು. ಅವನು ನಕ್ಕ. ಅವರು ನಗಲಿಲ್ಲ. ಪದ್ಯದ ಹಾಳೆ ಕೈಗಿಟ್ಟರು. ‘ಕತೆ ಗೊತ್ತಲ್ಲ? ಅಣ್ಣ ಓಡಿಸಿದ್ದಾನೆ. ಊರು ಬಿಟ್ಟು ಬೆಟ್ಟದ ಮೇಲೆ ಕೂತಿದ್ದೀಯ. ಬಾಕಿ ನಿಂಗೆ ತೋಚಿದ್ದು ಹೇಳು.’

ವಾಲಿ ಯಾರು ಗೊತ್ತಾ? ಬೆಳಿಗ್ಗೆ ಕೆಂಪಾಗಿದ್ದರಲ್ಲ, ಅದೇ ಸದಸ್ಯರು. ನಮ್ಮೂರಲ್ಲಿ ಪಂಚಾಯ್ತಿಗೂ ತಾಳಮದ್ದಲೆಗೂ ದೇವಸ್ಥಾನಕ್ಕೂ ಇರುವುದು ಅದೇ ಹತ್ತು ಜನ. ಒಳ್ಳೆಯ ಅರ್ಥಧಾರಿ ಅವರು, ಅದರಲ್ಲಿ ಎರಡು ಮಾತಿಲ್ಲ.

ಹುಡುಗ ಮೊದಲ ಪದ್ಯಕ್ಕೆ ತಡವರಿಸಿದ. ‘ನಾನು ಪೂರ್ತಿ ಸರೆಂಡರ್...’ ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಜಗಲಿ ತುಂಬ ನಗು. ಎರಡನೆಯದಕ್ಕೆ ಹಾದಿ ಸಿಕ್ಕಿತು. ವಾಲಿ ಸುಗ್ರೀವರ ಮಾತು ಶುರುವಾಯಿತು. ವಾಲಿ ಕೇಳಿದರು, ‘ಓಡಿಹೋದವನು ನೀನು. ನಿನಗ್ಯಾಕೋ ಕಿಷ್ಕಿಂಧೆಯ ಚಿಂತೆ?’

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮದ್ದಲೆಯವರು ಕಾದರು. ಆಮೇಲೆ ಅಂದ: ‘ಅಣ್ಣಾ, ನಾನಾಗಿ ಓಡಿದೆನಾ, ನೀನು ನಿಲ್ಲೋಕೆ ಬಿಟ್ಟೆಯಾ? ಕಿಷ್ಕಿಂಧೆಯಲ್ಲಿ ಹುಟ್ಟಿದವನು ನಾನೂ ಹೌದು. ಬೆಟ್ಟದ ಮೇಲೆ ಕೂತು ದಿನಾ ನೋಡ್ತೇನೆ, ನಮ್ಮನೆಯ ಹೊಗೆ ಎಲ್ಲಿ ಏಳ್ತಾ ಇದೆ ಅಂತ. ಚಿಂತೆ ಮಾಡೋಕೂ ನಿನ್ನ ಅಪ್ಪಣೆ ಬೇಕಾ?’

ಜಗಲಿಯ ಕೊನೆಯಲ್ಲಿ ಯಾರೋ ‘ಭಲೆ!’ ಅಂದರು. ಹೆಂಗಸರ ಸಾಲಿನಲ್ಲಿ ಕೆಳಗಿನಮನೆ ಹುಡುಗಿ ಬಾಯಿಗೆ ದುಪ್ಪಟ್ಟ ಮುಚ್ಚಿ ನಗುತ್ತಿದ್ದಳು. ವಾಲಿ ಒಂದು ಕ್ಷಣ ಪಾತ್ರದಿಂದ ಹೊರಗೆ ಬಂದು ಹುಡುಗನನ್ನೇ ನೋಡಿ, ‘ಅಪ್ಪಣೆ ಬೇಡ. ಆದರೆ ಬೆಟ್ಟ ಇಳಿದು ಬಾ, ಕೂತಲ್ಲೇ ಕೂಗಬೇಡ’ ಅಂದರು. ಇದಕ್ಕೂ ಭಲೆ ಬಿತ್ತು. ಕಷಾಯ ಬಂತು.

ಮರುವರ್ಷ ಕಂಪನಿಗಳು ಒಂದೊಂದಾಗಿ ಆಫೀಸಿಗೆ ಬನ್ನಿ ಅಂದವು. ಹೆಚ್ಚಿನವರು ಹೋದರು, ಹುಡುಗಿಯೂ ಹೋದಳು. ಗ್ರಾಮಸಭೆಯಲ್ಲಿ ಮತ್ತೆ ಕುರ್ಚಿ ಖಾಲಿ ಉಳಿಯುವುದು ಇದ್ದೇ ಇದೆ. ಎಲ್ಲ ಬದಲಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಆ ಫೋಟೋ ಅವಳ ಫೋನಿನಲ್ಲಿತ್ತಲ್ಲ, ತಿಂಗಳಿಗೊಮ್ಮೆ ಮೇಡಂ ನಂಬರಿಗೆ ಅದು ತಪ್ಪದೆ ಬರುತ್ತಿತ್ತಂತೆ, ಕೆಳಗೆ ಒಂದೇ ಸಾಲು: ‘ಏನಾಯ್ತು ಮೇಡಂ?’ ಮೇಡಂ ವರ್ಗವಾಗಿ ಹೋದ ಮೇಲೆ ಹೊಸಬರಿಗೂ ಬಂತು.

ಸಂಕ ಆಯಿತು, ತಡವಾಗಿ. ಕಬ್ಬಿಣದ್ದು. ಕೈಹಿಡಿ ಒಂದೇ ಬದಿಗೆ ಹಾಕಿದ್ದಾರೆ, ಇನ್ನೊಂದು ಬದಿಗೆ ದುಡ್ಡು ಸಾಲಲಿಲ್ಲವಂತೆ. ಆಚೆಮನೆ ಹುಡುಗ ವೋಟನ್ನು ಊರಿಗೆ ವಾಪಸ್ ತಂದಿದ್ದಾನೆ, ಕಂಪನಿಯನ್ನು ಒಪ್ಪಿಸಿ ಇಲ್ಲಿಂದಲೇ ಕೆಲಸ ಮಾಡುತ್ತಾನೆ. ಈಗ ವಾಲಿಯವರೇ ಅವನಿಗೆ ಫೋನ್ ಮಾಡುತ್ತಾರೆ. ‘ಆ ಇನ್ನೊಂದು ಕೈಹಿಡಿ ಕ್ರಿಯಾಯೋಜನೆಯಲ್ಲಿ ಏರಿದೆಯಾ ನೋಡು ಮಾರಾಯ. ಏರದಿದ್ದರೆ ಈ ಸಲ ವಾರ್ಡ್‌ಸಭೆಯಲ್ಲಿ ನೀನೇ ಕೇಳು. ನಾನು ಕೇಳಿದರೆ ನನ್ನ ಮೇಲೇ ಬರ್ತಾರೆ.’