ಮಳೆಗಾಲದಲ್ಲಿ ಸ್ಪೆಕ್ಟ್ರಮ್ ಪ್ಲಸ್: ಆರಿದ್ರೆಯಿಂದ ಮಘೆಯವರೆಗೆ ಹಾಸನದ ಕೆಲಸದ ದಾಖಲೆ

ಆರಿದ್ರಾ ಮಳೆ, ಜೂನ್ ಕೊನೆಯ ವಾರ

ಮೇಜಿನ ಮೇಲಿರುವುದು 48ಕೆ (48 ಕಿಲೊಬೈಟ್ ಮೆಮೊರಿಯ) ಸ್ಪೆಕ್ಟ್ರಮ್ ಪ್ಲಸ್, ಬ್ರಿಟನ್ನಿನ ಸಿಂಕ್ಲೇರ್ ಕಂಪನಿಯ ಹಳೆಯ ಮನೆ ಕಂಪ್ಯೂಟರು. ಬೋರ್ಡಿನ ಮೇಲೆ 'ಇಶ್ಯೂ 4ಬಿ' ಎಂದು ಅಚ್ಚಾಗಿದೆ. ಸಕಲೇಶಪುರದ ಕಡೆಯ ತೋಟದ ಮನೆಯ ಅಟ್ಟದಲ್ಲಿ ವರ್ಷಗಟ್ಟಲೆ ಕೂತಿದ್ದ ಯಂತ್ರ. ಹೊರಗಿನ ಪ್ಲಾಸ್ಟಿಕ್ಕಿಗೆ ಒಂದು ಗೀರೂ ಇಲ್ಲ. ಒಳಗಿನ ಎಡ್ಜ್ ಕನೆಕ್ಟರ್, ಅಂದರೆ ಹೊರಗಿನ ಉಪಕರಣ ಚುಚ್ಚಲು ಬೋರ್ಡಿನ ಅಂಚಿನಲ್ಲಿರುವ ಹಲ್ಲುಗಳು, ಪೂರ್ತಿ ಹಸಿರು ಕಿಲುಬು.

ನಮ್ಮ ಕಡೆ ಹಳೆಯ ಕಂಪ್ಯೂಟರುಗಳನ್ನು ಕೊಲ್ಲುವುದು ವಯಸ್ಸಿಗಿಂತ ಹೆಚ್ಚಾಗಿ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರಿನಲ್ಲಿ ತಾಮ್ರ, ಬೆಳ್ಳಿ, ಟೇಪು ಯಾವುದೂ ಸುಮ್ಮನಿರುವುದಿಲ್ಲ. ಹಾಗಾಗಿ ಇಲ್ಲಿನ ಮೊದಲ ನಿಯಮ: ಅಟ್ಟದಿಂದ ಇಳಿಸಿದ ಯಂತ್ರಕ್ಕೆ ಅದೇ ದಿನ ಕರೆಂಟು ಕೊಡಬೇಡಿ. ಮುಚ್ಚಳ ಬಿಚ್ಚಿ, ಒಂದಡಿ ದೂರದಲ್ಲಿ 40 ವ್ಯಾಟಿನ ಹಳೇ ಬಲ್ಬು ಉರಿಸಿ, ಎರಡು ದಿನ ಹಾಗೇ ಬಿಡಿ. ತಳದ ಸ್ಕ್ರೂಗಳನ್ನು ತೆಗೆದ ಜಾಗಕ್ಕೆ ಸರಿಯಾಗಿ ಒಂದು ರಟ್ಟಿನ ಮೇಲೆ ಚುಚ್ಚಿಡಿ. ಉದ್ದದ ಸ್ಕ್ರೂವನ್ನು ಗಿಡ್ಡದ ಜಾಗಕ್ಕೆ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಕೀಬೋರ್ಡಿನ ಎರಡು ಪಟ್ಟಿಗಳನ್ನು ನೇರವಾಗಿ ಮೇಲಕ್ಕೆ ಎಳೆದು ತೆಗೆಯಬೇಕು, ಅಲ್ಲಾಡಿಸಬಾರದು. ಒಂದರಲ್ಲಿ ಐದು ಎಳೆ, ಇನ್ನೊಂದರಲ್ಲಿ ಎಂಟು. ಇವು ಮಡಿಕೆಯ ಜಾಗದಲ್ಲಿ ಹಪ್ಪಳದ ಹಾಗೆ ಮುರಿಯುತ್ತವೆ. ನಮ್ಮದೂ ಮುರಿಯಿತು, ಅದರ ಮಾತು ಆಮೇಲೆ.

ಎಡ್ಜ್ ಕನೆಕ್ಟರಿಗೆ ಮೊದಲು ಪೆನ್ಸಿಲ್ ರಬ್ಬರು, ಆಮೇಲೆ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್. ಉಪ್ಪುಕಾಗದ ಹಾಕಿ ಉಜ್ಜಿದರೆ ಮೇಲಿನ ಲೇಪ ಹೋಗಿ, ಮುಂದಿನ ಮಳೆಗಾಲಕ್ಕೆ ಕಿಲುಬು ಇಮ್ಮಡಿ. ಯುಎಲ್‌ಎ ಚಿಪ್, ಅಂದರೆ ಚಿತ್ರ, ಕೀಬೋರ್ಡು, ದನಿ ನೋಡಿಕೊಳ್ಳುವ ಚಿಪ್ಪು, ಸಾಕೆಟ್ಟಿನಲ್ಲಿ ಕೂತಿದೆ. ಅದನ್ನು ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿ, ಕಾಲು ಒರೆಸಿ, ಮತ್ತೆ ಕೂರಿಸಿದೆವು. ಈ ಚಿಪ್ಪಿನಲ್ಲಿ ಮಾತ್ರ ಅವಸರ ಬೇಡ. ಮಿಕ್ಕವಕ್ಕೆಲ್ಲ ಬದಲಿ ಸಿಗುತ್ತದೆ, ಇದು ಸುಲಭಕ್ಕೆ ಸಿಗುವುದಿಲ್ಲ.

ಜೊತೆಗೊಂದು ಮಾತು ಬರೆದಿಡಬೇಕು. ಸ್ಪೆಕ್ಟ್ರಮ್ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 1982ರ ಏಪ್ರಿಲ್‌ನಲ್ಲಿ. ಅದೇ ತಿಂಗಳ 10ರಂದು ಇನ್ಸಾಟ್-1ಎ ಉಪಗ್ರಹ ಹಾರಿತು, ಅದನ್ನು ನೋಡಿಕೊಂಡದ್ದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಉಪಗ್ರಹಕ್ಕೆ ಆಜ್ಞೆ ಹೋಗುತ್ತಿದ್ದ ಊರಿನಲ್ಲಿ ಅದೇ ತಿಂಗಳ ವಿನ್ಯಾಸವೊಂದನ್ನು ಮತ್ತೆ ಎಬ್ಬಿಸುತ್ತಿದ್ದೇವೆ ಅನ್ನುವುದು ಈ ಕೆಲಸದ ಉದ್ದಕ್ಕೂ ಮನಸ್ಸಿನಲ್ಲಿತ್ತು.

ಪುನರ್ವಸು ಮಳೆ, ಜುಲೈ ಎರಡನೇ ವಾರ

ಕರೆಂಟಿನ ಕೆಲಸ. ಸ್ಪೆಕ್ಟ್ರಮ್‌ಗೆ ಬೇಕಾದದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುವೆ ಮೈನಸ್, ಹೊರಗೆ ಪ್ಲಸ್. ಈಗ ಅಂಗಡಿಯಲ್ಲಿ ಸಿಗುವ ಅಡಾಪ್ಟರುಗಳಲ್ಲಿ ಬಹುಪಾಲು ಇದಕ್ಕೆ ಉಲ್ಟಾ. ಹಾಗೇ ಚುಚ್ಚಿದರೆ ಮೊದಲು ಹೋಗುವುದು ಕಾಯಿಲ್ ಪಕ್ಕದ ಟಿಆರ್4 ಟ್ರಾನ್ಸಿಸ್ಟರು, ಅದರ ಹಿಂದೆ ಮೆಮೊರಿ. 9 ವೋಲ್ಟ್, 2 ಆಂಪಿಯರಿನ ಅಡಾಪ್ಟರಿನ ವೈರು ಕತ್ತರಿಸಿ ಅದಲುಬದಲು ಮಾಡಿ, ಮೀಟರಿನಲ್ಲಿ ನೋಡಿ, ಪಿನ್ನಿಗೆ ಕೆಂಪು ಟೇಪು ಸುತ್ತಿಟ್ಟೆವು. ಬೇರೆ ಯಾವ ಯಂತ್ರಕ್ಕೂ ಇದನ್ನು ಚುಚ್ಚಬಾರದು.

ಒಳಗಿನ 7805 ರೆಗ್ಯುಲೇಟರ್ 9 ವೋಲ್ಟನ್ನು 5ಕ್ಕೆ ಇಳಿಸುತ್ತದೆ, ಉಳಿದ 4 ವೋಲ್ಟನ್ನು ಬಿಸಿಯಾಗಿ ಕಳೆಯುತ್ತದೆ. ಮುಕ್ಕಾಲು ಆಂಪಿಯರ್ ಎಳೆದರೆ ಅದೇ 3 ವ್ಯಾಟ್. ಅದನ್ನು ತೆಗೆದು ಮೂರೇ ಕಾಲಿನ, 1 ಆಂಪಿಯರಿನ ಸ್ವಿಚಿಂಗ್ ಮಾಡ್ಯೂಲ್ ಹಾಕಿದ್ದೇವೆ. ಬೋರ್ಡು ಈಗ ತಣ್ಣಗಿದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳನ್ನೂ ಅದೇ ಸಂಜೆ ಬದಲಾಯಿಸಿದೆವು: 22 ಮೈಕ್ರೊಫ್ಯಾರಡ್‌ನವೇ ಹೆಚ್ಚು, ಜೊತೆಗೆ 100ರವು, 1ರದ್ದು. ಎಲ್ಲವೂ 25 ವೋಲ್ಟಿಗೆ ಮೇಲ್ಪಟ್ಟವು. ಬೋರ್ಡಿನ ಮೇಲಿನ ಪ್ಲಸ್ ಗುರುತನ್ನು ಮಾತ್ರ ನಂಬಬೇಡಿ. ಬಿಚ್ಚುವ ಮೊದಲು ಫೋಟೊ ತೆಗೆದು, ಗ್ರೌಂಡಿಗೆ ಯಾವ ಕಾಲು ಹೋಗುತ್ತದೆಂದು ಮೀಟರಿನಲ್ಲಿ ಹಿಡಿದು ನೋಡಿ.

ಕೆಳಗಿನ 16ಕೆ ಮೆಮೊರಿಯ ಎಂಟು 4116 ಚಿಪ್ಪುಗಳಿಗೆ ಮೂರು ಬಗೆಯ ವೋಲ್ಟೇಜು ಬೇಕು. 1ನೇ ಕಾಲಿಗೆ ಮೈನಸ್ 5, 8ನೇ ಕಾಲಿಗೆ 12, 9ನೇ ಕಾಲಿಗೆ 5. ಗ್ರೌಂಡು 16ನೇ ಕಾಲು. ಅಳೆದಾಗ ಬಂದದ್ದು ಮೈನಸ್ 5.0, 12.1, 5.02. ಮೂರೂ ಸರಿ. ಮೈನಸ್ 5 ಬರದಿದ್ದರೆ ಅದೇ ಕ್ಷಣ ಕರೆಂಟು ಆರಿಸಬೇಕು; ಅದಿಲ್ಲದೆ 12 ಮಾತ್ರ ಬಂದರೆ 4116 ಕಾದು ಸಾಯುತ್ತದೆ. ಆಗ ನೋಡಬೇಕಾದದ್ದು ಟಿಆರ್4, ಟಿಆರ್5, ಆಮೇಲೆ ಕಾಯಿಲ್‌ನ ತೆಳು ಸುತ್ತು. ಟಿಆರ್4ರ ಜಾಗಕ್ಕೆ ಝಡ್‌ಟಿಎಕ್ಸ್651 ಸಾಕು. ಸಾಮಾನ್ಯ ಬಿ.ಸಿ. (BC) ಸರಣಿಯ ಟ್ರಾನ್ಸಿಸ್ಟರು ಆಗದು.

ಚಿತ್ರಕ್ಕೆ ಹಳೆಯ ಆರ್‌ಎಫ್ ದಾರಿ, ಅಂದರೆ ಟಿವಿಯ ಆಂಟೆನಾ ತೂತಿನ ದಾರಿ, ಬಿಟ್ಟೆವು. ಮಾಡ್ಯುಲೇಟರ್ ಡಬ್ಬಿಯೊಳಗೆ ಹೊರಗಿನ ಸಾಕೆಟ್ಟಿಗೆ ಬರುವ ರೆಸಿಸ್ಟರನ್ನು ಬಿಡಿಸಿ, ವಿಡಿಯೊ ವೈರನ್ನು ಅದರ ಹಳೆಯ ಜಾಗದಿಂದ ಕಿತ್ತು, 100 ಮೈಕ್ರೊಫ್ಯಾರಡ್ ಕೆಪಾಸಿಟರಿನ ಮೂಲಕ ಸಾಕೆಟ್ಟಿನ ನಡುವಿನ ಕಡ್ಡಿಗೆ ಸೇರಿಸಿದರೆ ಟಿವಿಯ ಹಳದಿ ಎವಿ ತೂತಿಗೆ ನೇರ ಚಿತ್ರ. ನಮ್ಮ ಟಿವಿಗಳಲ್ಲಿರುವುದೂ ಪಾಲ್ (PAL) ಬಣ್ಣ ಪದ್ಧತಿಯೇ, ಬಣ್ಣಕ್ಕೆ ಬೇರೆ ಕಸರತ್ತು ಬೇಕಿಲ್ಲ.

ಪುನರ್ವಸು, ಮೂರು ದಿನದ ಮೇಲೆ

ಚಿತ್ರ ಬಂತು, ಬರಹ ಬರಲಿಲ್ಲ. ಹಸಿರು ನೆಲ, ಅದರ ಮೇಲೆ ಎಂಟೆಂಟು ಚುಕ್ಕೆಗೊಮ್ಮೆ ಎರಡೆರಡು ಕೆಂಪು ಗೆರೆ. ಇದು ಕೆಟ್ಟ ಯಂತ್ರ ತಾನೇ ಬರೆದುಕೊಟ್ಟ ಚೀಟಿ. ಓದುವುದು ಹೀಗೆ.

ಕರೆಂಟು ಬಂದ ಕೂಡಲೇ ರಾಮ್ ಚಿಪ್ಪುಗಳ ತುಂಬ 2 ಎಂಬ ಸಂಖ್ಯೆ ಬರೆಯುವುದು ಸ್ಪೆಕ್ಟ್ರಮ್‌ನ ಕ್ರಮ. ತೆರೆಯ ಚುಕ್ಕೆಗಳೂ ಅದೇ ಮೆಮೊರಿಯಲ್ಲಿ 16384ನೇ ವಿಳಾಸದಿಂದ, ಬಣ್ಣಗಳು 22528ರಿಂದ. ಹಾಗಾಗಿ ಸರಿಯಿದ್ದ ಯಂತ್ರದಲ್ಲಿ ಒಂದು ಕ್ಷಣ ಕಪ್ಪು ನೆಲ, ಪ್ರತಿ ಎಂಟು ಚುಕ್ಕೆಯಲ್ಲಿ ಏಳನೆಯದರ ಮೇಲೆ ಒಂದೇ ಕೆಂಪು ಗೆರೆ ಕಾಣಬೇಕು. ನಮ್ಮದರಲ್ಲಿ ಮೂರನೇ ಚುಕ್ಕೆಯಲ್ಲೂ ಗೆರೆ. ಬೈಟಿನ ಎಂಟು ಬಿಟ್ಟುಗಳನ್ನು ಬಲದಿಂದ 0, 1, 2 ಎಂದು ಎಣಿಸುವುದರಿಂದ ಎಡದಿಂದ ಮೂರನೆಯದು ಬಿಟ್ 5. ಬಣ್ಣದ ಬೈಟಿನಲ್ಲಿ ಅದೇ ಬಿಟ್ 5 ನೆಲದ ಹಸಿರು. ಕಪ್ಪು ಹಸಿರಾದದ್ದು, ಗೆರೆ ಒಂದು ಹೆಚ್ಚಾದದ್ದು, ಎರಡೂ ಒಂದೇ ಬಿಟ್ಟಿನತ್ತ ಬೆರಳು ತೋರಿಸಿದವು: ಅದು ಸದಾ 1 ಆಗಿ ಅಂಟಿಕೊಂಡಿದೆ. ಬೋರ್ಡಿನಲ್ಲಿ ಐಸಿ6 ಎಂದು ಗುರುತಿರುವ ಚಿಪ್ಪು ಬಿಟ್ 0, ಅಲ್ಲಿಂದ ಎಣಿಸಿದರೆ ಬಿಟ್ 5 ಐಸಿ11.

ಒಳ್ಳೆಯ 4116 ಒಂದನ್ನು ಮೇಲೆ ಕೂರಿಸಿ ನೋಡುವ ಉಪಾಯ ಇಲ್ಲಿ ಫಲಿಸಲಿಲ್ಲ. ಕೆಳಗಿನ ಚಿಪ್ಪು ಗಟ್ಟಿಯಾಗಿ 1 ಎಂದು ಹಿಡಿದಿರುವಾಗ ಮೇಲಿನದರ ಮಾತು ನಡೆಯದು. ಮುಟ್ಟಿದರೆ ಬಿಸಿಯೂ ಇರಲಿಲ್ಲ. ತಣ್ಣಗಿದೆ ಎಂದು ಚಿಪ್ಪನ್ನು ಬಿಟ್ಟುಕೊಡಬಾರದು.

ತೆಗೆಯುವಾಗ ಇಡೀ ಚಿಪ್ಪನ್ನು ಉಳಿಸುವ ಆಸೆ ಬೇಡ. ಚೂಪು ಕಟ್ಟರಿನಿಂದ ಹದಿನಾರು ಕಾಲುಗಳನ್ನೂ ಚಿಪ್ಪಿನ ಮೈಗೆ ಹತ್ತಿರ ಕತ್ತರಿಸಿ, ಆಮೇಲೆ 350 ಡಿಗ್ರಿಯ ಬೆಸುಗೆ ಕಬ್ಬಿಣದಲ್ಲಿ ಒಂದೊಂದೇ ಕಾಲನ್ನು ಚಿಮುಟದಿಂದ ಎತ್ತಿ. ತೇವ ತಿಂದ ಬೋರ್ಡಿನಲ್ಲಿ ತಾಮ್ರದ ಹಿಡಿತ ಸಡಿಲ. ಒಂದು ಜಾಗಕ್ಕೆ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಗೆರೆ ಮೇಲೇಳುತ್ತದೆ. ಕರಗದ ಜಾಗಕ್ಕೆ ಹೊಸ ಸೀಸ ಹಾಕಿ, ಹಳೆಯದರ ಜೊತೆ ಬೆರೆಸಿ, ಆಮೇಲೆ ವಿಕ್ (ತಾಮ್ರದ ಎಳೆಗಳ ಜಡೆ) ಇಟ್ಟು ಹೀರಿಸಿ. ತೂತು ಚೊಕ್ಕಟವಾದ ಮೇಲೆ 16 ಕಾಲಿನ ಸಾಕೆಟ್, ಅದರಲ್ಲಿ 150 ನ್ಯಾನೊಸೆಕೆಂಡಿನ 4116.

ಕಪ್ಪು ಮಿಂಚಿತು, ನೆಲ ಬೆಳ್ಳಗಾಯಿತು, ತಳದಲ್ಲಿ 1982ರ ಸಿಂಕ್ಲೇರ್ ಹಕ್ಕುಸ್ವಾಮ್ಯದ ಸಾಲು ಬಂತು. ಆ ಒಂದು ಸಾಲು ಕಂಡಾಗಿನ ಸಂತೋಷಕ್ಕೆ ಹೋಲಿಕೆ ಇಲ್ಲ.

ಪುಷ್ಯ ಮಳೆ, ಜುಲೈ ಕೊನೆ

ಸಾಲು ಬಂದರೆ ಮುಗಿಯಿತು ಎನ್ನುವಂತಿಲ್ಲ. ಯಂತ್ರದ ಬೇಸಿಕ್ ಭಾಷೆಯಲ್ಲಿ ಪೀಕ್ ಎಂದರೆ ಮೆಮೊರಿ ಓದುವುದು, ಪೋಕ್ ಎಂದರೆ ಬರೆಯುವುದು. 'ಪ್ರಿಂಟ್ ಪೀಕ್ 23732 + 256 * ಪೀಕ್ 23733' ಎಂದು ಕೇಳಿದರೆ 48ಕೆ ಪೂರ್ತಿ ಇದ್ದಾಗ 65535, ಮೇಲಿನ 32ಕೆ ಸತ್ತಿದ್ದಾಗ 32767 ಬರುತ್ತದೆ. ನಮಗೆ 65535 ಬಂತು. ಆದರೂ ದೊಡ್ಡ ಆಟಗಳು ಲೋಡ್ ಆದ ಮೇಲೆ ಕುಸಿಯುತ್ತಿದ್ದವು.

ಕಾರಣ ಕರೆಂಟು ಬಂದ ಕೂಡಲೇ ಯಂತ್ರ ತಾನೇ ಮಾಡಿಕೊಳ್ಳುವ ಆ ಹುಟ್ಟು ಪರೀಕ್ಷೆಯಲ್ಲೇ ಇದೆ. ಅದು 2 ಬರೆದು, ಒಂದು ಕಳೆದು, ಮತ್ತೊಂದು ಕಳೆದು ಸೊನ್ನೆ ಬಂತೇ ಎಂದಷ್ಟೇ ನೋಡುತ್ತದೆ. 2, 1, 0 ಈ ಮೂರರಲ್ಲೂ ಮೇಲಿನ ಆರು ಬಿಟ್ಟುಗಳು ಸೊನ್ನೆಯೇ. ಹಾಗಾಗಿ ಅವುಗಳಲ್ಲಿ ಯಾವುದಾದರೂ ಸೊನ್ನೆಗೆ ಅಂಟಿಕೊಂಡಿದ್ದರೆ ಪರೀಕ್ಷೆಗೆ ಗೊತ್ತೇ ಆಗದು. ಕೈಯಾರೆ ನೋಡಬೇಕು. ಮೊದಲು 'ಕ್ಲಿಯರ್ 32767', ಬೇಸಿಕ್ ತನ್ನ ಸಾಮಾನನ್ನೆಲ್ಲ ಕೆಳಕ್ಕೆ ಎಳೆದುಕೊಳ್ಳಲಿ ಎಂದು. ಆಮೇಲೆ 32768ರಿಂದ 65535ರವರೆಗೆ ಫಾರ್ ಸುತ್ತು: 255 ಪೋಕ್ ಮಾಡಿ, ಪೀಕ್ ಮಾಡಿದಾಗ 255 ಬರದಿದ್ದರೆ ವಿಳಾಸವನ್ನೂ ಬೆಲೆಯನ್ನೂ ಪ್ರಿಂಟ್ ಮಾಡಲಿ. ಬೇಸಿಕ್ ನಿಧಾನ, ಕಾಯಬೇಕು. ನಮಗೆ ಅಲ್ಲಲ್ಲಿ 251 ಬಂತು. 255ರಲ್ಲಿ 4 ಕಡಿಮೆ ಎಂದರೆ ಬಿಟ್ 2. ಮೇಲಿನ ಸಾಲು ಐಸಿ15ರಿಂದ ಶುರು, ಹಾಗಾಗಿ ಐಸಿ17. ಅಲ್ಲಿದ್ದ 4532ರ ಬದಲು 4164 ಹಾಕಿದರೆ ಸಾಕು, 5 ವೋಲ್ಟ್ ಮಾತ್ರ ಬೇಕಾದ ಚಿಪ್ಪು ಇದು. ಮತ್ತೆ ಸುತ್ತು ಓಡಿಸಿದೆವು, ಈ ಸಲ 255 ಜೊತೆಗೆ 85, 170, 0 ಕೂಡ. ಒಂದೂ ತಪ್ಪಿಲ್ಲ.

ಕೀಬೋರ್ಡಿನಲ್ಲಿ ಮುರಿದದ್ದು ಐದು ಎಳೆಯ ಪಟ್ಟಿ. 1, ಕ್ಯೂ, ಎ, 0, ಪಿ, ಎಂಟರ್, ಸ್ಪೇಸ್, ಶಿಫ್ಟ್ ಎಂಟೂ ಒಟ್ಟಿಗೆ ಸತ್ತಿದ್ದವು. ಹೀಗೆ ಎಂಟು ಕೀ ಹೋದರೆ ಐದರ ಪಟ್ಟಿ, ಅರ್ಧ ಸಾಲಿನ ಐದು ಕೀ ಹೋದರೆ ಎಂಟರ ಪಟ್ಟಿ. ತುದಿಯ 4 ಮಿ.ಮೀ. ಕತ್ತರಿಸಿ ಹೊಸ ಅಂಚನ್ನು ಚುಚ್ಚಿದಾಗ ಕೆಲಸ ಮಾಡಿತು, ಆದರೆ ಇದು ತಾತ್ಕಾಲಿಕ. ಹೊಸದಾಗಿ ತಯಾರಾಗುವ ಮೆಂಬ್ರೇನ್ (ಪಟ್ಟಿಗಳ ಸಮೇತ ಕೀಗಳ ಕೆಳಗಿರುವ ತೆಳು ಹಾಳೆ) ಹಾಕುವುದೇ ಸರಿ. ಕೊಳ್ಳುವಾಗ ಸ್ಪೆಕ್ಟ್ರಮ್ ಪ್ಲಸ್‌ನದ್ದೇ ಎಂದು ಕೇಳಿ, ರಬ್ಬರ್ ಕೀ ಯಂತ್ರದ್ದು ಇದಕ್ಕೆ ಕೂರುವುದಿಲ್ಲ.

ಈ ವಾರ ದಿನಕ್ಕೆ ಹತ್ತು ಸಲ ಕರೆಂಟು ಕಣ್ಣು ಮಿಟುಕಿಸಿತು. 40 ಕೆಬಿಯ ಆಟ ಟೇಪಿನಿಂದ ಬರಲು ನಾಲ್ಕು ನಿಮಿಷ ಬೇಕು, ಮಿಟುಕಿದರೆ ಮೊದಲಿಂದ. 12 ವೋಲ್ಟ್, 7 ಆಂಪಿಯರ್-ಅವರಿನ ಯುಪಿಎಸ್ ಬ್ಯಾಟರಿ, ವೋಲ್ಟೇಜು ಇಳಿಸಲು 9.0 ವೋಲ್ಟಿಗೆ ತಿರುಗಿಸಿಟ್ಟ ಬಕ್ ಕನ್ವರ್ಟರ್, ಟಿವಿಯ ಬದಲು ಕಾರಿನ ಹಿಂಬದಿ ಕ್ಯಾಮೆರಾಗೆ ಹಾಕುವ 7 ಇಂಚಿನ ಮಾನಿಟರ್ ಜೋಡಿಸಿದ ಮೇಲೆ ಆ ಕಾಟ ತಪ್ಪಿತು.

ಆಶ್ಲೇಷಾ ಮಳೆ, ಆಗಸ್ಟ್ ಮೊದಲ ವಾರ

ಆಟವಾಡುವ ಆರ್ಕೇಡ್ ಹಿಡಿಕೆಗೆ, ಅಂದರೆ ಜಾಯ್‌ಸ್ಟಿಕ್ಕಿಗೆ, ಪೆಟ್ಟಿಗೆ. ಮರ ಸಿಲ್ವರ್ ಓಕ್. ಕಾಫಿಗೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ತೋಟದಲ್ಲಿ ನಿಂತಿರುವ ಅದೇ ಮರ. ಗೆರೆ ಚೆಂದ, ಕೊಯ್ಯುವುದು ಸುಲಭ, ಆದರೆ ಹಸಿ ಹಲಗೆ ಮಳೆಗಾಲದಲ್ಲಿ ಬಿಲ್ಲಿನಂತೆ ಬಾಗುತ್ತದೆ. ವರ್ಷ ಒಣಗಿದ್ದನ್ನೇ ಕೇಳಿ ತನ್ನಿ. ಇದರ ಹುಡಿ ಕೆಲವರ ಚರ್ಮಕ್ಕೆ ಕಡಿತ ತರುತ್ತದೆ, ತುಂಬು ತೋಳಿನ ಅಂಗಿ, ಮಾಸ್ಕು ಇರಲಿ.

ಪೆಟ್ಟಿಗೆ 300 ಉದ್ದ, 200 ಅಗಲ, 80 ಎತ್ತರ, ಎಲ್ಲ ಮಿ.ಮೀ. ಮೇಲಿನ ಹಲಗೆ 12 ಮಿ.ಮೀ. ಅಷ್ಟು ದಪ್ಪಕ್ಕೆ ಹಿಡಿಕೆ ಗಿಡ್ಡವಾಗುತ್ತದೆ, ಆದ್ದರಿಂದ ಒಳಗಡೆಯಿಂದ ಪ್ಲೇಟಿನ ಅಳತೆಗೆ 5 ಮಿ.ಮೀ. ಕೊರೆಸಿದೆವು. ಕಡ್ಡಿಗೆ 24ರ ತೂತು, ಬಟನ್ನಿಗೆ 28ರದ್ದು. ಬಟನ್ ತಿರುಪಿನ ಸುತ್ತು ಇರುವಂಥದ್ದೇ ಬೇಕು. ಒತ್ತಿ ಕೂರಿಸುವ ಬಗೆಯದು ತೆಳು ತಗಡಿಗೆ ಸರಿ, ಮರದಲ್ಲಿ ನಿಲ್ಲುವುದಿಲ್ಲ. ಪ್ಯಾಕ್‌ಮ್ಯಾನ್ ಥರದ ಓಣಿ ಆಟಕ್ಕೆ ಹಿಡಿಕೆಯ ಕೆಳಗಿನ ತಡೆಪ್ಲೇಟನ್ನು ನಾಲ್ಕು ದಿಕ್ಕಿಗೆ ತಿರುಗಿಸಿಡಿ. ಎಂಟು ದಿಕ್ಕಿನಲ್ಲಿ ಬಿಟ್ಟರೆ ತಿರುವಿನಲ್ಲಿ ಎರಡು ಸ್ವಿಚ್ಚು ಒಟ್ಟಿಗೆ ಒತ್ತಿ ಆಟ ತಡವರಿಸುತ್ತದೆ.

ಹಿಡಿಕೆಯನ್ನು ಯಂತ್ರಕ್ಕೆ ಜೋಡಿಸುವ ಇಂಟರ್‌ಫೇಸು ಕೆಂಪ್‌ಸ್ಟನ್ ರೀತಿಯದು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಒಂದು 74ಎಲ್‌ಎಸ್240, ಒಂದು 74ಎಲ್‌ಎಸ್32, 10 ಕಿಲೊಓಮಿನ ಐದು ರೆಸಿಸ್ಟರು, 0.1 ಮೈಕ್ರೊಫ್ಯಾರಡ್ ಎರಡು, 56 ಕಾಲಿನ ಎಡ್ಜ್ ಕನೆಕ್ಟರು ಒಂದು. ಎಡ್ಜ್ ಕನೆಕ್ಟರಿನ ಎ5 ಮತ್ತು ಐಒಆರ್‌ಕ್ಯೂ ಗೆರೆಗಳು 74ಎಲ್‌ಎಸ್32 ಚಿಪ್ಪಿನ 1, 2ನೇ ಕಾಲಿಗೆ, ಅದರ 3 ತನ್ನದೇ 4ಕ್ಕೆ, ಆರ್‌ಡಿ 5ಕ್ಕೆ, 6ನೇ ಕಾಲು 74ಎಲ್‌ಎಸ್240ರ 1 ಮತ್ತು 19ಕ್ಕೆ. ಮೂರೂ ಸೊನ್ನೆಯಾದಾಗ ಮಾತ್ರ ಬಾಗಿಲು ತೆರೆಯುತ್ತದೆ. ಸ್ವಿಚ್ಚುಗಳು 240ರ 2, 4, 6, 8, 11ಕ್ಕೆ ಬಲ, ಎಡ, ಕೆಳಗೆ, ಮೇಲೆ, ಗುಂಡಿ ಎಂಬ ಕ್ರಮದಲ್ಲಿ, ಪ್ರತಿಯೊಂದೂ ರೆಸಿಸ್ಟರಿನಿಂದ 5 ವೋಲ್ಟಿಗೆ, ಒತ್ತಿದಾಗ ಗ್ರೌಂಡಿಗೆ. ಹೊರಬರುವ 18, 16, 14, 12, 9 ಕಾಲುಗಳು ಯಂತ್ರದ ಡೇಟಾ ಗೆರೆಗಳಾದ ಡಿ0ಯಿಂದ ಡಿ4ಕ್ಕೆ. ಮಿಕ್ಕ 13, 15, 17ನ್ನು 5 ವೋಲ್ಟಿಗೆ ಕಟ್ಟಿ, 7, 5, 3ನ್ನು ಡಿ5, ಡಿ6, ಡಿ7ಕ್ಕೆ ಕೊಡಿ. ಇದನ್ನು ಬಿಟ್ಟರೆ ಕೆಲವು ಆಟಗಳು ಸುಮ್ಮನಿದ್ದಾಗಲೂ ಏನೋ ಒತ್ತಿದೆ ಎಂದುಕೊಳ್ಳುತ್ತವೆ.

ಕನೆಕ್ಟರಿನ 5ನೇ ಜಾಗದಲ್ಲಿ ತಡೆಗಟ್ಟೆ ಇರಲೇಬೇಕು. ಒಂದು ಹಲ್ಲು ಜಾರಿದರೆ ವಿದ್ಯುತ್ತಿನ ಗೆರೆ ಬೇರೆ ಗೆರೆಯ ಮೇಲೆ ಕೂತು ಚಿಪ್ಪುಗಳು ಹೋಗುತ್ತವೆ. ಹಾಕುವುದು, ತೆಗೆಯುವುದು ಕರೆಂಟು ಆರಿಸಿದ ಮೇಲೆಯೇ.

ಪರೀಕ್ಷೆಗೆ 'ಪ್ರಿಂಟ್ ಇನ್ 31' ಸುತ್ತು. ಸುಮ್ಮನಿದ್ದಾಗ 0, ಬಲ 1, ಎಡ 2, ಕೆಳಗೆ 4, ಮೇಲೆ 8, ಗುಂಡಿ 16. ಮೊದಲ ಸಲ ನಮಗೆ ಸುಮ್ಮನಿದ್ದಾಗಲೇ 15 ಬಂತು: ಹಿಡಿಕೆಯ ನಾಲ್ಕೂ ಸ್ವಿಚ್ಚಿನಲ್ಲಿ ಎನ್‌ಒ (ಒತ್ತಿದಾಗ ಕೂಡುವ) ಕಾಲಿನ ಬದಲು ಎನ್‌ಸಿ (ಒತ್ತದಿದ್ದಾಗ ಕೂಡಿರುವ) ಕಾಲಿಗೆ ವೈರು ಹೋಗಿತ್ತು. ಅದು ಸರಿಯಾದ ಮೇಲೆ ಎಡ ಬಲ ಅದಲುಬದಲು. ಹಿಡಿಕೆಯನ್ನು ಎಡಕ್ಕೆ ವಾಲಿಸಿದರೆ ಅದರ ಬುಡ ಒತ್ತುವುದು ಬಲಗಡೆಯ ಸ್ವಿಚ್ಚನ್ನು, ವೈರು ಹಾಕುವಾಗ ಇದನ್ನು ನೆನಪಿಡಿ. ಮೊದಲ ಆಟಕ್ಕೆ 1983ರ ಜೆಟ್‌ಪ್ಯಾಕ್ ಒಳ್ಳೆಯದು, 16ಕೆಯಲ್ಲೇ ಓಡುತ್ತದೆ, ಕೆಂಪ್‌ಸ್ಟನ್ ಹಿಡಿಕೆಯನ್ನೂ ಒಪ್ಪುತ್ತದೆ.

ಮಘೆ ಮಳೆ, ಆಗಸ್ಟ್ ಮೂರನೇ ವಾರ

ಮೊಬೈಲಿನಿಂದ ಲೋಡ್ ಮಾಡುವಾಗ ಕಡತ ವೇವ್ (WAV) ಆಗಿರಲಿ, ಎಂಪಿ3 ಆದರೆ ಅಲೆಯ ಅಂಚು ಮೊಂಡಾಗುತ್ತದೆ. ಈಕ್ವಲೈಸರ್ ಪೂರ್ತಿ ಆರಿಸಿ, ದನಿ ತುಂಬ ಏರಿಸಿ, ಒಂದೇ ಚಾನೆಲ್ಲನ್ನು ಯಂತ್ರದ ಇಯರ್ (EAR) ತೂತಿಗೆ ಕೊಡಿ. ಅಂಚಿನಲ್ಲಿ ಕೆಂಪು-ತಿಳಿನೀಲಿ ದಪ್ಪ ಪಟ್ಟಿ ಸ್ಥಿರವಾಗಿ ಬಂದು, ಆಮೇಲೆ ನೀಲಿ-ಹಳದಿ ಸಣ್ಣ ಪಟ್ಟಿ ಬಂದರೆ ಸರಿ. ಕೆಂಪು ಪಟ್ಟಿಯೇ ನಡುಗುತ್ತಿದ್ದರೆ ದನಿ ಕಡಿಮೆ.

ಯಂತ್ರದ ಜೊತೆ ಬಂದ ಹನ್ನೊಂದು ಕ್ಯಾಸೆಟ್ಟಿನಲ್ಲಿ ಏಳಕ್ಕೆ ಬೂಷ್ಟು ಹಿಡಿದಿದೆ, ಸುರುಳಿಯ ಮೈಮೇಲೆ ಬಿಳಿ ಪುಡಿ. ಅವನ್ನು ಹಾಗೇ ಓಡಿಸಿದರೆ ಹೆಡ್ಡಿಗೂ ಅಂಟಿ ಒಳ್ಳೆಯ ಟೇಪಿಗೂ ಹರಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವುದು ಅಡಿಕೆಗೆ ಸರಿ, ಟೇಪಿಗೆ ಹೊಗೆಯೂ ಶಾಖವೂ ಎರಡೂ ಕೇಡು. ಸದ್ಯಕ್ಕೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟಿದ್ದೇವೆ. ಕಾಳು ನೀಲಿಯಿಂದ ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಹಾಕುತ್ತೇವೆ, ಆ ಬಾಣಲೆ ಅಡುಗೆಗೆ ವಾಪಸು ಹೋಗಬಾರದು. ಚೊಕ್ಕಟವಾಗಿರುವ ನಾಲ್ಕನ್ನು ಡೆಕ್ಕಿನ ಅಜಿಮತ್ ಸ್ಕ್ರೂ (ಹೆಡ್ಡಿನ ವಾಲು ಸರಿಪಡಿಸುವುದು) ತಿರುಗಿಸಿ, ದನಿ ಅತಿ ಚೂಪಾಗಿ ಕೇಳುವ ಜಾಗಕ್ಕೆ ನಿಲ್ಲಿಸಿ, ವೇವ್ ಆಗಿ ಇಳಿಸಿಕೊಂಡಾಗಿದೆ. ಉಳಿದ ಏಳರ ಸರದಿ ಮಳೆ ಹಿಂದೆ ಸರಿದು ಡಬ್ಬಿಯ ಕಾಳು ಎರಡು ವಾರ ನೀಲಿಯಾಗೇ ಉಳಿದ ಮೇಲೆ.